ಎಕರೆ ಹೋಗಿ ಚದರ ಅಡಿ ಬಂತು

ಬೆಳಗಾವಿ ಸುತ್ತಲಿನ ಹಳ್ಳಿಗಳಲ್ಲಿ ಹೊಲದ ಮಾತು ಬಂದರೆ ಎಕರೆ, ಗುಂಟೆ ಅನ್ನುತ್ತಿದ್ದರು. ಈಗ ಗುಡಿ ಕಟ್ಟೆ ಮೇಲೂ ಚದರ ಅಡಿಯ ಲೆಕ್ಕವೇ ನಡೆಯುತ್ತದೆ. ಒಂದು ಗುಂಟೆ ಅಂದರೆ 1,089 ಚದರ ಅಡಿ. 30-40ರ ಒಂದು ಪ್ಲಾಟಿಗೂ ಸಾಲದು! ಹೊಲ ಎನ್‌.ಎ. (ಕೃಷಿಯೇತರ ಜಮೀನು) ಆಯ್ತು ಅಂದರೆ ಮುಂದಿನದು ಎಲ್ಲರಿಗೂ ಗೊತ್ತು: ಜೆಸಿಬಿ ಬರುತ್ತದೆ, ಬದು ಹೋಗುತ್ತದೆ.

ಹಳ್ಳಿ ಯಾವಾಗ ಪಟ್ಟಣವಾಗುತ್ತದೆ? ಜನಗಣತಿಯವರು ಕಟ್ಟಡ ನೋಡುವುದಿಲ್ಲ. ಊರಲ್ಲಿ ಕನಿಷ್ಠ 5,000 ಜನ ಇರಬೇಕು. ಚದರ ಕಿಲೋಮೀಟರಿಗೆ ಕನಿಷ್ಠ 400 ಜನ ಇರಬೇಕು. ವರ್ಷದಲ್ಲಿ ಆರು ತಿಂಗಳಾದರೂ ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿಯಾದರೂ ಒಕ್ಕಲುತನ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ಇಂಥ ಊರುಗಳು 2001ರಲ್ಲಿ ದೇಶದಲ್ಲಿ 1,362 ಇದ್ದವು, 2011ಕ್ಕೆ 3,800 ದಾಟಿದವು. ನಮ್ಮ ಹಿಂಡಲಗಾ ಕೂಡ ಆ ಪಟ್ಟಿಯಲ್ಲಿತ್ತು. ಲೆಕ್ಕದಲ್ಲಿ ಪಟ್ಟಣ, ಕಾರಭಾರ ಮಾತ್ರ ಗ್ರಾಮ ಪಂಚಾಯಿತಿಯದು.

ಗಂಡಸರು ಮಾತ್ರ ಯಾಕೆ ಅಂತ ನನಗೆ ಮೊದಲಿಂದಲೂ ಅನುಮಾನ. ಗಂಡ ಬೈಕ್ ಹತ್ತಿ ಉದ್ಯಮಬಾಗದ ಫೌಂಡ್ರಿಗೆ ಹೋದರೆ, ಹೆಂಡತಿ, ಅತ್ತೆ ಉಳಿದ ಅರ್ಧ ಎಕರೆಯಲ್ಲಿ ಕಳೆ ಕೀಳುತ್ತಿರುತ್ತಾರೆ. ಎಮ್ಮೆಯ ಕೆಲಸವೂ ಅವರದೇ. ಈ ನಿಯಮದ ಕಣ್ಣಿಗೆ ಆ ಮನೆ ಒಕ್ಕಲುತನ ಬಿಟ್ಟಾಗಿದೆ.

ಮಣ್ಣು ಬೇರೆಯೇ ಲೆಕ್ಕ ಇಡುತ್ತದೆ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು. ಭತ್ತದ ಗದ್ದೆಯಾದರೆ ಬದುವಿನೊಳಗೆ ಅದನ್ನು ಹಿಡಿದುಕೊಳ್ಳುತ್ತದೆ. ಒಂದಿಷ್ಟು ಇಂಗುತ್ತದೆ, ಒಂದಿಷ್ಟು ಆವಿಯಾಗುತ್ತದೆ, ಹೆಚ್ಚಾದದ್ದು ನಿಧಾನಕ್ಕೆ ಹೊರಗೆ ಹೋಗುತ್ತದೆ. ಅದೇ ಎಕರೆಗೆ ಕಾಂಕ್ರೀಟ್, ಫರಸಿ, ಡಾಂಬರು ಬಿದ್ದರೆ? ಹೆಚ್ಚುಕಡಿಮೆ ಅಷ್ಟೂ ನೀರು ಒಂದೇ ಸಲ ಗಟಾರಕ್ಕೆ ಇಳಿಯುತ್ತದೆ. ಮಳೆ ಅಷ್ಟೇ ಇದ್ದರೂ ನಾಲೆ ತುಂಬುವ ವೇಗ ಜಾಸ್ತಿಯಾಗುತ್ತದೆ. ಜೊತೆಗೆ ಬಚ್ಚಲ ನೀರು, ಪ್ಲಾಸ್ಟಿಕ್ಕು.

ಪ್ಲಾಟ್ ಕೊಂಡವನಿಗೆ ಇದು ಕಾಣುವುದಿಲ್ಲ, ಅವನ ಮನೆ ಮುಂದೆ ನೀರು ಚೆನ್ನಾಗಿ ಹರಿದು ಹೋಗುತ್ತದಲ್ವಾ! ಬೆಳಗಾವಿಯ ಶಹಾಪುರ, ವಡಗಾವಿ ಕಡೆಯ ರೈತರನ್ನು ಕೇಳಿ. ಜೋರು ಮಳೆ ಬಂದರೆ ಅಲ್ಲಿ ಹರಿಯುವ ಬಳ್ಳಾರಿ ನಾಲಾ ಉಕ್ಕಿ ಭತ್ತದ ಗದ್ದೆಗೆ ನುಗ್ಗುತ್ತದೆ. ನೀರು ಇಳಿದ ಮೇಲೆ ಸಸಿ ಕೊಳೆತಿದ್ದರೆ ಮತ್ತೆ ನಾಟಿ ಮಾಡಬೇಕು. ಅದಕ್ಕೆ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿಯುವವರು ಮತ್ತೆ ಹೆಂಗಸರೇ.