ಇಬ್ಬರು ಅಮ್ಮಂದಿರು, ಒಂದು ಸ್ಟ್ರಾ

1997ರಲ್ಲಿ ಡೆನ್ಮಾರ್ಕ್ ಒಂದು ಕಾನೂನು ಮಾಡಿತು. ಗಂಡನ ಜೊತೆ, ಇಲ್ಲವೇ ಗಂಡನ ಹಾಗೆ ಬಾಳುವ ಗಂಡಸಿನ ಜೊತೆ ಇರುವ ಹೆಂಗಸರಿಗೆ ಮಾತ್ರ ಡಾಕ್ಟರುಗಳು ಕೃತಕ ಗರ್ಭಧಾರಣೆ ಮಾಡಬಹುದು ಅಂತ. ಒಂಟಿ ಹೆಂಗಸರು, ಇಬ್ಬರು ಹೆಂಗಸರು ಜೊತೆಯಾಗಿ ಬಾಳುವ ಲೆಸ್ಬಿಯನ್ ಜೋಡಿಗಳು ಹೊರಗುಳಿದರು. ಆದರೆ ಕಾನೂನು ಬರೆದವರು ಒಂದು ಕಿಂಡಿ ಬಿಟ್ಟಿದ್ದರು. ಅದರಲ್ಲಿ ಇದ್ದದ್ದು ಡಾಕ್ಟರುಗಳ ಮಾತು ಮಾತ್ರ, ಸೂಲಗಿತ್ತಿಯರ ಸುದ್ದಿಯೇ ಇರಲಿಲ್ಲ. 1999ರಲ್ಲಿ ನೀನಾ ಸ್ಟೋರ್ಕ್ ಎಂಬ ಸೂಲಗಿತ್ತಿ ಕೋಪನ್‌ಹೇಗನ್‌ನಲ್ಲಿ ಕ್ಲಿನಿಕ್ ತೆರೆದೇಬಿಟ್ಟರು. ಬೇರೆ ಬೇರೆ ದೇಶಗಳಿಂದ ಹೆಂಗಸರು ಅಲ್ಲಿಗೆ ಹೋದರು. ಕೊನೆಗೆ 2007ರಲ್ಲಿ ಕಾನೂನೇ ಬದಲಾಯಿತು.

ಈ ಕತೆ ನನಗೆ ಇಷ್ಟವಾಗುವುದು ಕಿಂಡಿಯ ಜಾಣತನಕ್ಕೆ ಮಾತ್ರ ಅಲ್ಲ. ವೀರ್ಯವನ್ನು ಗರ್ಭಕೋಶಕ್ಕೆ ಬಿಡುವ ಕೆಲಸ ಎಷ್ಟು ಸರಳ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಒಂದು ತೆಳು ನಳಿಕೆ, ಒಂದು ಸಿರಿಂಜ್, ಪಳಗಿದ ಕೈ ಇದ್ದರೆ ಸಾಕು. ಐದು ನಿಮಿಷದಲ್ಲಿ ಮುಗಿಯುತ್ತದೆ. ಕಷ್ಟ ಇರುವುದು ಆ ಐದು ನಿಮಿಷ ಯಾವ ದಿನ, ಯಾವ ಹೊತ್ತಿಗೆ ಅನ್ನುವುದರಲ್ಲಿ.

ಅದಕ್ಕೂ ಮೊದಲು ಬಹಳ ಜನರ ಮನಸ್ಸಿನಲ್ಲಿರುವ ಒಂದು ಪ್ರಶ್ನೆ ಮುಗಿಸಿಬಿಡೋಣ. ಜೋಡಿಯ ಇಬ್ಬರು ಹೆಂಗಸರಲ್ಲೂ ಅಂಡಾಣು ಇದೆಯಲ್ಲ, ಎರಡನ್ನೂ ಸೇರಿಸಿದರೆ ಆಗಲ್ವಾ? ಆಗುವುದಿಲ್ಲ. ನಮ್ಮಲ್ಲಿರುವ ಸುಮಾರು ನೂರು ಜೀನ್‌ಗಳಿಗೆ ಒಂದು ವಿಚಿತ್ರ ಗುಣವಿದೆ. ಅಮ್ಮನಿಂದ ಒಂದು, ಅಪ್ಪನಿಂದ ಒಂದು ಪ್ರತಿ ಬಂದರೂ ಎರಡರಲ್ಲಿ ಒಂದೇ ಕೆಲಸ ಮಾಡುತ್ತದೆ. ಭ್ರೂಣವನ್ನು ಬೆಳೆಸುವ ಐಜಿಎಫ್2 ಎಂಬ ಜೀನ್‌ನಲ್ಲಿ ಓಡುವುದು ಅಪ್ಪನಿಂದ ಬಂದ ಪ್ರತಿ, ಅಮ್ಮನದು ಆಫ್ ಆಗಿರುತ್ತದೆ. ಎರಡೂ ಪ್ರತಿ ಅಮ್ಮಂದಿರಿಂದಲೇ ಬಂದರೆ ಭ್ರೂಣ ಬೆಳೆಯದೆ ನಿಂತುಹೋಗುತ್ತದೆ. 2004ರಲ್ಲಿ ಟೋಕಿಯೊದಲ್ಲಿ ತೊಮೊಹಿರೊ ಕೊನೊ ಅವರ ತಂಡ ಜೀನ್ ತಿದ್ದಿ ಎರಡು ಅಂಡಾಣುಗಳಿಂದಲೇ ಇಲಿಮರಿ ಹುಟ್ಟಿಸಿತು. ಅದಕ್ಕೆ ಕಗುಯಾ ಅಂತ ಹೆಸರಿಟ್ಟರು. 450ಕ್ಕೂ ಹೆಚ್ಚು ಅಂಡಾಣು ಬಳಸಿದ್ದರು, ಬೆಳೆದು ದೊಡ್ಡದಾಗಿ ಮರಿ ಹಾಕಿದ್ದು ಅದೊಂದೇ. ಮನುಷ್ಯರ ಮಟ್ಟಿಗೆ ಇದು ಲ್ಯಾಬ್ ದಾಟಿ ಬಂದಿಲ್ಲ. ಹಾಗಾಗಿ ವೀರ್ಯ ಬೇಕೇ ಬೇಕು.

ಆ ವೀರ್ಯ ಬರುವುದು ಸಣ್ಣ ಪ್ಲಾಸ್ಟಿಕ್ ಸ್ಟ್ರಾದಲ್ಲಿ. ಒಂದರಲ್ಲಿ ಹಿಡಿಸುವುದು ಅರ್ಧ ಮಿಲಿಲೀಟರ್. ನಮ್ಮ ಹಳ್ಳಿಯವರಿಗೆ ಇದು ಹೊಸದಲ್ಲ. ಹಸು ಬೆದೆಗೆ ಬಂದಾಗ ಡಾಕ್ಟರು ಬೈಕಿನಲ್ಲಿ ತರುವ ಕ್ಯಾನ್ ನೋಡಿದ್ದೀರಲ್ಲ, ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುತ್ತದಲ್ಲ, ಅದರೊಳಗೆ ಇರುವುದೂ ಅಂಥದೇ ಸ್ಟ್ರಾ, ಅದೇ ದ್ರವ ಸಾರಜನಕ, ಅದೇ ಮೈನಸ್ 196 ಡಿಗ್ರಿ. ಹೆಂಗಸರನ್ನು ಹಸುವಿಗೆ ಹೋಲಿಸುತ್ತಿದ್ದೇನೆ ಅಂತ ಬೇಸರ ಮಾಡಿಕೊಳ್ಳಬೇಡಿ. ಈ ವಿದ್ಯೆ ಕೊಟ್ಟಿಗೆಯಿಂದಲೇ ಆಸ್ಪತ್ರೆಗೆ ಬಂದದ್ದು.

1940ರ ಸುಮಾರಿಗೆ ಡೆನ್ಮಾರ್ಕ್‌ನ ಪಶುವೈದ್ಯ ಸೋರೆನ್‌ಸನ್ ಹೋರಿಯ ವೀರ್ಯ ತುಂಬಿಡಲು ಸ್ಟ್ರಾ ಬಳಸಿದರು. ಮಗಳ ಹುಟ್ಟುಹಬ್ಬದಲ್ಲಿ ಮಕ್ಕಳು ಸ್ಟ್ರಾ ಹಾಕಿಕೊಂಡು ಪಾನಕ ಹೀರುವುದನ್ನು ನೋಡಿ ಹೊಳೆಯಿತು ಅಂತ ಒಂದು ಕತೆಯೂ ಇದೆ. ಫ್ರಾನ್ಸ್‌ನ ಕಾಸೂ ಎಂಬವರು ಅದನ್ನು ಈಗಿನ ರೂಪಕ್ಕೆ ತಂದರು. ಹೆಪ್ಪುಗಟ್ಟಿಸುವ ಗುಟ್ಟು ಸಿಕ್ಕಿದ್ದು 1949ರಲ್ಲಿ ಲಂಡನ್ನಿನಲ್ಲಿ. ಅದೂ ಒಂದು ಎಡವಟ್ಟಿನಿಂದ. ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ಮೂವರು ಹುಂಜದ ವೀರ್ಯವನ್ನು ಸಕ್ಕರೆ ದ್ರಾವಣದಲ್ಲಿ ಹಾಕಿ ಹೆಪ್ಪುಗಟ್ಟಿಸಲು ನೋಡುತ್ತಿದ್ದರು. ಏನು ಮಾಡಿದರೂ ಆಗುತ್ತಿರಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಆಯಿತು. ಬಾಟಲಿ ಪರೀಕ್ಷೆ ಮಾಡಿಸಿದರೆ ಒಳಗೆ ಸಕ್ಕರೆಯೇ ಇಲ್ಲ, ಗ್ಲಿಸರಿನ್ ಇದೆ! ಲೇಬಲ್ ಅದಲುಬದಲಾಗಿತ್ತು. ಜೀವಕೋಶದೊಳಗಿನ ನೀರು ಚೂಪು ಮಂಜಿನ ಹರಳಾಗಿ ಕೋಶವನ್ನು ಸೀಳದಂತೆ ಗ್ಲಿಸರಿನ್ ತಡೆಯುತ್ತದೆ. ಒಂದೆರಡು ವರ್ಷದಲ್ಲಿ ಕರು ಹುಟ್ಟಿತು. 1953ರಲ್ಲಿ ಅಮೆರಿಕದ ಅಯೋವಾದಲ್ಲಿ ಬಂಜ್ ಮತ್ತು ಶರ್ಮನ್ ಎಂಬ ಇಬ್ಬರು, ಹೆಪ್ಪುಗಟ್ಟಿಸಿದ ವೀರ್ಯದಿಂದ ಹೆಂಗಸರೂ ಬಸುರಾದರು ಅಂತ ಪ್ರಕಟಿಸಿದರು. ಡೆನ್ಮಾರ್ಕ್ ನೆರವಿನಿಂದ ನಮ್ಮ ಹೆಸರಘಟ್ಟಕ್ಕೂ ಹೋರಿ ವೀರ್ಯದ ಕೇಂದ್ರ ಬಂತು. ಮನುಷ್ಯರ ವೀರ್ಯದ ಬ್ಯಾಂಕಿನಲ್ಲೂ ಆ ದೇಶವೇ ಮುಂದೆ ಹೋಯಿತು. ಲೆಸ್ಬಿಯನ್ ಜೋಡಿಗಳಿಗೆ ಬಾಗಿಲು ಮೊದಲೇ ತೆರೆದದ್ದು ಮಾತ್ರ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ 1982ರಲ್ಲಿ ಶುರುವಾದ ಒಂದು ಬ್ಯಾಂಕ್.

ಈಗ ಗಡಿಯಾರದ ವಿಷಯ. ಅಂಡಾಣು ಹೊರಬಿದ್ದ ಮೇಲೆ ಬದುಕುವುದು 12ರಿಂದ 24 ಗಂಟೆ. ಸಹಜವಾಗಿ ಮೈಯೊಳಗೆ ಬಂದ ವೀರ್ಯಾಣು ಐದು ದಿನದವರೆಗೂ ಗರ್ಭದ್ವಾರದ ಲೋಳೆಯಲ್ಲಿ ಕಾದು ಕೂರಬಲ್ಲದು. ಹಾಗಾಗಿ ಗಂಡು-ಹೆಣ್ಣು ಜೋಡಿಗೆ ದಿನದ ಲೆಕ್ಕ ಅಷ್ಟಾಗಿ ಬೇಕಿಲ್ಲ. ಹೆಪ್ಪುಗಟ್ಟಿ ಕರಗಿದ ವೀರ್ಯಾಣುವಿಗೆ ಆ ತಾಳ್ಮೆ ಇರುವುದಿಲ್ಲ. ಚಳಿಗೆ ಅದರ ಹೊರಪೊರೆ ಪೆಟ್ಟು ತಿಂದಿರುತ್ತದೆ. ಅಂಡಾಣುವಿನ ಹತ್ತಿರ ಹೋದ ಮೇಲೆ ಆಗಬೇಕಾದ ಬದಲಾವಣೆಗಳು ಸ್ಟ್ರಾದಲ್ಲೇ ಅರ್ಧ ಆಗಿಬಿಟ್ಟಿರುತ್ತವೆ. ಅದರ ಆಯಸ್ಸು ಹೆಚ್ಚೆಂದರೆ ಒಂದು ದಿನ. ಇತ್ತ ಒಂದು ದಿನ, ಅತ್ತ ಒಂದು ದಿನ. ಎರಡೂ ಒಟ್ಟಿಗೆ ಬೀಳಬೇಕು.

ಅದಕ್ಕೇ ಇಷ್ಟೊಂದು ಸ್ಕ್ಯಾನ್. ಮುಟ್ಟಾದ ಹತ್ತನೇ ದಿನದ ಆಸುಪಾಸಿನಿಂದ ಅಂಡಾಶಯ ನೋಡುತ್ತಾರೆ. ಅಂಡಾಣು ಇರುವ ನೀರುಗುಳ್ಳೆ 18–20 ಮಿಲಿಮೀಟರ್ ಆದರೆ ಹಣ್ಣಾಯಿತು ಅಂತ. ಮನೆಯಲ್ಲೇ ಮೂತ್ರ ಪರೀಕ್ಷೆಯ ಪಟ್ಟಿಯಿಂದ ಎಲ್‌ಎಚ್ ಹಾರ್ಮೋನ್ ಏರಿತಾ ಅಂತಲೂ ನೋಡಬಹುದು. ಏರಿದರೆ 24ರಿಂದ 36 ಗಂಟೆಯಲ್ಲಿ ಅಂಡಾಣು ಹೊರಬರುತ್ತದೆ. ಪ್ರಕೃತಿಯನ್ನೇ ನಂಬಿ ಕೂರದವರು ಎಲ್‌ಎಚ್‌ನ ಹಾಗೇ ಕೆಲಸ ಮಾಡುವ ಎಚ್‌ಸಿಜಿ ಹಾರ್ಮೋನಿನ ಇಂಜೆಕ್ಷನ್ ಕೊಟ್ಟು ಹೊತ್ತನ್ನು ತಾವೇ ಗೊತ್ತುಮಾಡುತ್ತಾರೆ.

ಆ ದಿನ ಕ್ಲಿನಿಕ್‌ನಲ್ಲಿ ನಡೆಯುವುದು ಇಷ್ಟು. ಚಿಮಟದಿಂದ ಸ್ಟ್ರಾ ಹೊರಗೆ ತೆಗೆಯುತ್ತಾರೆ. ದಾನಿಯ ನಂಬರ್ ಕಾಗದದ ಜೊತೆ ತಾಳೆ ನೋಡುತ್ತಾರೆ, ಒಬ್ಬರಲ್ಲ, ಇಬ್ಬರು. ಕೆಲವು ನಿಮಿಷ ಕರಗಲು ಬಿಟ್ಟು ಒಂದು ಹನಿ ಮೈಕ್ರೋಸ್ಕೋಪಿನ ಕೆಳಗೆ ಇಡುತ್ತಾರೆ. ಎಷ್ಟು ಈಜುತ್ತಿವೆ, ಎಷ್ಟು ಸುಮ್ನೆ ಬಿದ್ದಿವೆ ಅಂತ ಎಣಿಸುತ್ತಾರೆ. ವೀರ್ಯವನ್ನು ಮೊದಲೇ ತೊಳೆದಿರಬೇಕು, ಇಲ್ಲವೇ ಈಗ ತೊಳೆಯಬೇಕು, ಅಂದರೆ ವೀರ್ಯಾಣುಗಳನ್ನು ಸುತ್ತಲಿನ ದ್ರವದಿಂದ ಬೇರೆ ಮಾಡಬೇಕು. ತೊಳೆಯದ ವೀರ್ಯದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ಇರುತ್ತದೆ. ಅದು ನೇರವಾಗಿ ಗರ್ಭಕೋಶಕ್ಕೆ ಹೋದರೆ ಹೊಟ್ಟೆ ಹಿಂಡಿದಂತೆ ನೋವು ಬರುತ್ತದೆ. ಆಮೇಲೆ ನಳಿಕೆ ಒಳಗೆ ಹೋಗುತ್ತದೆ. ಕೆಲವು ಕಡೆ ಸಿರಿಂಜ್ ಒತ್ತುವುದನ್ನು ಸಂಗಾತಿಗೇ ಬಿಡುತ್ತಾರೆ. ಇದಕ್ಕೆ ಐಯುಐ ಅಂತ ಹೆಸರು.

ಗೆಲುವು ಎಷ್ಟು? ವಯಸ್ಸು 35ಕ್ಕಿಂತ ಕಡಿಮೆ ಇದ್ದರೆ ಒಂದು ಸಲಕ್ಕೆ ನೂರಕ್ಕೆ ಹತ್ತರಿಂದ ಇಪ್ಪತ್ತು. ಕಡಿಮೆ ಅನ್ನಿಸುತ್ತದೆ. ಆದರೆ ಏನೂ ತೊಂದರೆ ಇಲ್ಲದ ಗಂಡ-ಹೆಂಡತಿಗೂ ಒಂದು ತಿಂಗಳಿಗೆ ಇದಕ್ಕಿಂತ ತುಂಬಾ ಜಾಸ್ತಿ ಏನಿಲ್ಲ. ನೂರಕ್ಕೆ ಹದಿನೈದು ಅಂತ ಹಿಡಿದರೆ ಆರು ಸಲ ಮಾಡಿದವರಲ್ಲಿ ನೂರಕ್ಕೆ ಅರವತ್ತು ಮಂದಿಗೆ ನಿಂತಿರುತ್ತದೆ. 40 ದಾಟಿದರೆ ಈ ಲೆಕ್ಕ ಬೇಗ ಕುಸಿಯುತ್ತದೆ. ವೀರ್ಯ ಯಾರದು ಅನ್ನುವುದಕ್ಕಿಂತ ಅಂಡಾಣುವಿನ ವಯಸ್ಸೇ ಇಲ್ಲಿ ದೊಡ್ಡದು.

ಒಂದು ವಿಷಯ ನನಗೆ ಕಿರಿಕಿರಿ. ಈ ಹೆಂಗಸರ ಜೋಡಿಗಳಲ್ಲಿ ಹೆಚ್ಚಿನವರಿಗೆ ಬಂಜೆತನ ಇಲ್ಲ, ಮನೆಯಲ್ಲಿ ವೀರ್ಯ ಇಲ್ಲ ಅಷ್ಟೇ. ಆದರೆ ವ್ಯವಸ್ಥೆ ಕಟ್ಟಿದ್ದು ಬಂಜೆತನಕ್ಕೆ. ಇಂಗ್ಲೆಂಡಿನ ಎಷ್ಟೋ ಕಡೆ ಸರ್ಕಾರಿ ಚಿಕಿತ್ಸೆ ಸಿಗಬೇಕಾದರೆ ಮೊದಲು ಸ್ವಂತ ಖರ್ಚಿನಲ್ಲಿ ಆರು ಸಲ, ಕೆಲವೆಡೆ ಹನ್ನೆರಡು ಸಲ ಮಾಡಿಸಿಕೊಂಡು ಆಗಲಿಲ್ಲ ಅಂತ ತೋರಿಸಬೇಕಿತ್ತು. ಇದನ್ನು ತೆಗೆಯುತ್ತೇವೆ ಅಂತ ಸರ್ಕಾರ 2022ರಲ್ಲಿ ಮಾತು ಕೊಟ್ಟಿತು.

ಖರ್ಚು ತಾಳಲಾರದವರು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಪರಿಚಯದವರೊಬ್ಬರು ಕಪ್‌ನಲ್ಲಿ ವೀರ್ಯ ಕೊಡುತ್ತಾರೆ, ಸೂಜಿ ಇಲ್ಲದ ಸಿರಿಂಜ್‌ನಿಂದ ಯೋನಿಯೊಳಗೆ ಬಿಡುವುದು. ತಾಜಾ ವೀರ್ಯವಾದ್ದರಿಂದ ಗಡಿಯಾರದ ಕಾಟ ಕಡಿಮೆ. ಆದರೆ ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಮಾಡಿಸಿದವರು ಯಾರು? ಬ್ಯಾಂಕಿನಲ್ಲಾದರೆ ವೀರ್ಯವನ್ನು ತಿಂಗಳುಗಟ್ಟಲೆ ಎತ್ತಿಟ್ಟು, ದಾನಿಯನ್ನು ಮತ್ತೆ ಪರೀಕ್ಷೆ ಮಾಡಿದ ಮೇಲೆಯೇ ಹೊರಗೆ ಬಿಡುವ ಪದ್ಧತಿ ಇದೆ. ಕಾನೂನಿನ ತೊಡಕು ಇನ್ನೂ ದೊಡ್ಡದು. ಬ್ರಿಟನ್ನಿನಲ್ಲಿ ಮದುವೆ ಅಥವಾ ಸಿವಿಲ್ ಪಾರ್ಟ್‌ನರ್‌ಶಿಪ್ (ಮದುವೆಯಂಥದೇ ಕಾನೂನು ನೋಂದಣಿ) ಆಗದ ಜೋಡಿ ಮನೆಯಲ್ಲಿ ಮಾಡಿಕೊಂಡರೆ ಕಾನೂನಿನ ಕಣ್ಣಿಗೆ ಆ ದಾನಿಯೇ ಅಪ್ಪ. ಲೈಸೆನ್ಸ್ ಇರುವ ಕ್ಲಿನಿಕ್‌ನಲ್ಲಿ ಕಾಗದಕ್ಕೆ ಸಹಿ ಹಾಕಿ ಮಾಡಿಸಿದರೆ ಮದುವೆ ಆಗಿರದಿದ್ದರೂ ಇಬ್ಬರ ಹೆಸರೂ ಜನನ ಪತ್ರದಲ್ಲಿ ಬರುತ್ತದೆ. 2009ರಿಂದ ಹೀಗಿದೆ.

ಐವಿಎಫ್ ದಾರಿಯಲ್ಲಿ ಗಂಡು-ಹೆಣ್ಣು ಜೋಡಿಗೆ ಎಂದೂ ಆಗದ ಒಂದು ಸಾಧ್ಯತೆ ಇದೆ. ಒಬ್ಬಳ ಅಂಡಾಣು ತೆಗೆದು, ದಾನಿಯ ವೀರ್ಯದ ಜೊತೆ ಲ್ಯಾಬಿನಲ್ಲಿ ಸೇರಿಸಿ, ಭ್ರೂಣವನ್ನು ಇನ್ನೊಬ್ಬಳ ಗರ್ಭಕೋಶದಲ್ಲಿ ಇಡುವುದು. ಒಬ್ಬಳದು ಜೀನ್, ಇನ್ನೊಬ್ಬಳದು ಬಸುರು, ಹೆರಿಗೆ, ಬಾಣಂತನ. ಬಾರ್ಸಿಲೋನಾದ ವೈದ್ಯರು 2010ರಲ್ಲಿ ಇದರ ಬಗ್ಗೆ ಬರೆದರು. ಯಾರು ಅಂಡಾಣು ಕೊಡುವುದು, ಯಾರು ಹೊರುವುದು? ಸಾಮಾನ್ಯವಾಗಿ ಚಿಕ್ಕವಳ ಅಂಡಾಣು, ಗರ್ಭಕೋಶ ಗಟ್ಟಿ ಇರುವವಳ ಹೊಟ್ಟೆ. ನನಗೆ ಹೊರುವುದು ಬೇಡ ಅನ್ನುವವಳೂ ಇರುತ್ತಾಳೆ, ಹೊರಲೇಬೇಕು ಅನ್ನುವವಳೂ ಇರುತ್ತಾಳೆ.

ಹೊತ್ತವಳು ಬರೀ ಪಾತ್ರೆ ಅಂದುಕೊಳ್ಳಬೇಡಿ. ಗರ್ಭಕೋಶದ ಒಳಪದರ ಒಸರುವ ದ್ರವದಲ್ಲಿ ಜೀನ್‌ಗಳ ಕೆಲಸವನ್ನು ಏರಿಳಿಸಬಲ್ಲ ಸಣ್ಣ ಆರ್‌ಎನ್‌ಎ ತುಣುಕುಗಳಿರುತ್ತವೆ, ಅವನ್ನು ಇಲಿಯ ಭ್ರೂಣ ಒಳಗೆ ಎಳೆದುಕೊಳ್ಳುತ್ತದೆ ಅಂತ ವೇಲೆನ್ಸಿಯಾದ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ಮಗುವಿನ ಕೆಲವು ಜೀವಕೋಶಗಳು ಹೊತ್ತವಳ ರಕ್ತಕ್ಕೆ ದಾಟಿ ವರ್ಷಗಟ್ಟಲೆ ಅಲ್ಲೇ ಉಳಿಯುವುದೂ ಉಂಟು. ಹಾಗಂತ ಮಗುವಿನ ಮೂಗು ಅವಳ ಮೂಗಿನ ಹಾಗೆ ಬರುತ್ತದೆ ಅಂತೇನೂ ಇಲ್ಲ. ಕೆಲವು ಕ್ಲಿನಿಕ್‌ಗಳ ಜಾಹೀರಾತು ಇದನ್ನು ಸ್ವಲ್ಪ ಎಳೆದು ಹೇಳುತ್ತದೆ.

ಇನ್ನು ದಾನಿ. ಬಂದವರಲ್ಲಿ ಬ್ಯಾಂಕುಗಳು ಆರಿಸಿಕೊಳ್ಳುವುದು ಕೆಲವೇ ಜನರನ್ನು. ಹೆಪ್ಪುಗಟ್ಟಿ ಕರಗಿದ ಮೇಲೂ ಚೆನ್ನಾಗಿ ಈಜುವ ವೀರ್ಯ ಎಲ್ಲರಲ್ಲೂ ಇರುವುದಿಲ್ಲ. ಭಾರತೀಯ ಮೂಲದ ದಾನಿಗಳು ಪಶ್ಚಿಮದ ಬ್ಯಾಂಕುಗಳಲ್ಲಿ ಕಡಿಮೆ. ಲಂಡನ್ನಿನಲ್ಲೋ ಸ್ಯಾನ್ ಹೋಸೆಯಲ್ಲೋ ಇರುವ ಕನ್ನಡದ ಜೋಡಿಗೆ ತಮ್ಮ ಚಹರೆಗೆ ಹತ್ತಿರದವರು ಸಿಗುವುದು ಸುಲಭವಲ್ಲ.

ಒಬ್ಬ ದಾನಿಯಿಂದ ಎಷ್ಟು ಮಕ್ಕಳು? ಬ್ರಿಟನ್ನಿನಲ್ಲಿ ಹತ್ತು ಕುಟುಂಬ, ಅಷ್ಟೇ. ಆದರೆ ಆ ಮಿತಿ ಅಲ್ಲಿನ ಕ್ಲಿನಿಕ್‌ಗಳಿಗೆ ಮಾತ್ರ, ಸ್ಟ್ರಾಗಳಿಗೆ ಗಡಿ ಇಲ್ಲ. 2025ರಲ್ಲಿ ಯುರೋಪಿನಲ್ಲಿ ಒಂದು ಸುದ್ದಿ ಬಂತು. ಒಬ್ಬ ದಾನಿಯ ಕೆಲವು ವೀರ್ಯಾಣುಗಳಲ್ಲಿ ಕ್ಯಾನ್ಸರ್ ತರುವ ಟಿಪಿ53 ಎಂಬ ಜೀನ್ ದೋಷ ಇತ್ತು. ಅವನು ಆರೋಗ್ಯವಾಗಿದ್ದ, ಮಾಮೂಲಿ ಪರೀಕ್ಷೆಗಳಲ್ಲಿ ಅದು ಸಿಗುವಂಥದಲ್ಲ. 8 ದೇಶಗಳಲ್ಲಿ ಕನಿಷ್ಠ 67 ಮಕ್ಕಳು ಅಂತ ಮೊದಲು ಲೆಕ್ಕ ಬಂತು, ಆಮೇಲೆ ಅದು ಇನ್ನೂ ಮೇಲೆ ಹೋಯಿತು. ಅವರಲ್ಲಿ ಕೆಲವರಿಗೆ ಕ್ಯಾನ್ಸರ್ ಆಗಿತ್ತು. ದೋಷ ಯಾರ ಕೈಯಲ್ಲೂ ಇರಲಿಲ್ಲ, ಒಬ್ಬನ ವೀರ್ಯ ಅಷ್ಟು ಕಡೆ ಹೋಗಲು ಬಿಟ್ಟದ್ದು ಮಾತ್ರ ಮನುಷ್ಯರ ತೀರ್ಮಾನವೇ.

ಹೆಸರು ಗುಟ್ಟಾಗಿಡುವ ಕಾಲವೂ ಹೋಗುತ್ತಿದೆ. ಬ್ರಿಟನ್ನಿನಲ್ಲಿ 1 ಏಪ್ರಿಲ್ 2005ರಿಂದ ವೀರ್ಯ ಕೊಟ್ಟವರ ಹೆಸರನ್ನು ಮಗು 18 ತುಂಬಿದ ಮೇಲೆ ಕೇಳಿ ಪಡೆಯಬಹುದು. ಮೊದಲ ಮಕ್ಕಳಿಗೆ 2023ರಲ್ಲಿ 18 ತುಂಬಿತು. ಅಪ್ಪ ಇಲ್ಲದ ಮನೆಯ ಮಕ್ಕಳು ಹೇಗಿರುತ್ತಾರೋ ಅನ್ನುವವರಿಗೆ: ಅಮೆರಿಕದಲ್ಲಿ ನ್ಯಾನೆಟ್ ಗಾರ್ಟ್ರೆಲ್ ತಂಡ 1980ರ ದಶಕದಿಂದ ಇಂಥ ಕುಟುಂಬಗಳನ್ನು ಬಿಡದೆ ಗಮನಿಸುತ್ತಾ ಬಂದಿದೆ. ಮಕ್ಕಳಿಗೆ 25 ವರ್ಷ ಆದಾಗ ನೋಡಿದರೆ ಮಾನಸಿಕ ಆರೋಗ್ಯದಲ್ಲಿ ಉಳಿದವರಿಗೂ ಇವರಿಗೂ ವ್ಯತ್ಯಾಸ ಸಿಗಲಿಲ್ಲ.

ನಮ್ಮಲ್ಲಿ? 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ) ಕಾಯಿದೆಯ ಪ್ರಕಾರ ಈ ಚಿಕಿತ್ಸೆ ಸಿಗುವುದು ಮದುವೆಯಾದ ದಂಪತಿಗೆ, ಇಲ್ಲವೇ 21 ದಾಟಿದ, 50 ಆಗದ ಒಬ್ಬ ಹೆಂಗಸಿಗೆ. ಅಂದರೆ ಬೆಂಗಳೂರಿನ ಜೋಡಿಯಲ್ಲಿ ಒಬ್ಬಳು ತಾನೊಬ್ಬಳೇ ಅಂತ ಹೋಗಿ ನೋಂದಾಯಿತ ಬ್ಯಾಂಕಿನ ವೀರ್ಯದಿಂದ ತಾಯಿಯಾಗಬಹುದು. ಜೊತೆಗಿರುವವಳಿಗೆ ಆ ಕಾಗದದಲ್ಲಿ ಜಾಗ ಇಲ್ಲ. ಅಂಡಾಣು ದಾನವೂ ಬ್ಯಾಂಕಿನ ಮೂಲಕವೇ ಆಗಬೇಕು, ಹಾಗಾಗಿ ಒಬ್ಬಳ ಅಂಡಾಣು ಇನ್ನೊಬ್ಬಳಿಗೆ ಅನ್ನುವ ದಾರಿಯೂ ಮುಚ್ಚಿದೆ. 17 ಅಕ್ಟೋಬರ್ 2023ರಂದು ಸುಪ್ರೀಂ ಕೋರ್ಟ್ ಸಲಿಂಗ ಮದುವೆಯನ್ನು ಒಪ್ಪಲಿಲ್ಲ, ಮದುವೆಯಾಗದ ಜೋಡಿ ಒಟ್ಟಿಗೆ ದತ್ತು ಪಡೆಯುವುದನ್ನೂ ಬಹುಮತ ಒಪ್ಪಲಿಲ್ಲ. ಹೆತ್ತವಳು ತನ್ನ ಉಯಿಲಿನಲ್ಲಿ ಸಂಗಾತಿಯನ್ನು ಮಗುವಿನ ಪಾಲಕಿ ಅಂತ ಬರೆದಿಡಬಹುದು. ಆ ಉಯಿಲು ಕೆಲಸಕ್ಕೆ ಬರುವುದು ಅವಳು ಸತ್ತ ಮೇಲೆ.