ಕಡಿತಕ್ಕೆ ಸಹಿ ಬೇಕು, ಸುಮ್ಮನಿರಲು ಬೇಡ

“ವಕೀಲರೇ, ನನ್ನ ಪಿಂಚಣಿಯಲ್ಲಿ ಹಿಡಿದುಕೊಂಡವರು ಯಾರು?” ದಾವಣಗೆರೆಯ ನನ್ನ ಕಚೇರಿಗೆ ಬರುವ ಹಿರಿಯರಲ್ಲಿ ಹೆಚ್ಚಿನವರು ಕೇಳುವುದು ಇದೊಂದನ್ನೇ. ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ ತೆಗೆದು ಮೇಜಿನ ಮೇಲೆ ಬಿಡಿಸುತ್ತಾರೆ. ಪ್ರತಿ ತಿಂಗಳ ಜಮೆಯ ಕೆಳಗೆ ಮೊಮ್ಮಕ್ಕಳ ಕೈಯಿಂದ ಕೆಂಪು ಗೆರೆ ಹಾಕಿಸಿರುತ್ತಾರೆ. ಬ್ಯಾಂಕಿನವರೋ ಪಿಎಫ್ ಕಚೇರಿಯ ಗುಮಾಸ್ತರೋ ತಮ್ಮ ಹಣ ನುಂಗಿದ್ದಾರೆ ಎಂಬುದು ಅವರ ಗಟ್ಟಿ ನಂಬಿಕೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಆ ಕಳ್ಳನನ್ನು ಹಿಡಿದುಕೊಡಿ ಎನ್ನುತ್ತಾರೆ.

ಕಳ್ಳತನ ನಡೆದಿಲ್ಲ, ಜಮೆಯಾದ ಮೊತ್ತ ಸರಿಯಾಗಿಯೇ ಇದೆ ಎಂದರೆ ಅವರಿಗೆ ಸಮಾಧಾನವಾಗುವುದಿಲ್ಲ. ಆಗಬಾರದು ಕೂಡ. ಏಕೆಂದರೆ ಅವರ ಪಿಂಚಣಿ ನಿಜಕ್ಕೂ ಕಡಿಮೆಯಾಗಿದೆ. ಅದು ಪಾಸ್‌ಬುಕ್ಕಿನಲ್ಲಿ ಕಾಣದ ರೀತಿಯಲ್ಲಿ ಆಗಿದೆ, ಅಷ್ಟೇ. ವರ್ಷಗಟ್ಟಲೆ ಹೇಳಿದರೂ ಜನರ ಮನಸ್ಸಿಗೆ ಇಳಿಯದ ಸಂಗತಿ ಇದು. ಹಾಗಾಗಿ ಇವತ್ತಿನ ಅಂಕಣವನ್ನು ಪೂರ್ತಿ ಇದಕ್ಕೇ ಮೀಸಲಿಡುತ್ತೇನೆ. ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆ, ಪಿಂಚಣಿ ಅರ್ಜಿಯ ಫಾರಂ 10ಡಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಇತ್ಯಾದಿಗಳನ್ನು ಇಲ್ಲಿ ಎತ್ತುವುದಿಲ್ಲ.

ನಾನು ಮಾತಾಡುತ್ತಿರುವುದು 1995ರ ನೌಕರರ ಪಿಂಚಣಿ ಯೋಜನೆಯ ಬಗ್ಗೆ. ಗಿರಣಿ, ಬೀಡಿ ಕಂಪನಿ, ಸಾರಿಗೆ ನಿಗಮ, ಸಕ್ಕರೆ ಕಾರ್ಖಾನೆಗಳಲ್ಲಿ ದುಡಿದು ಬಂದವರ ಪಿಂಚಣಿ ಇದು. ದೇಶದಲ್ಲಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿ ಇದನ್ನು ಪಡೆಯುತ್ತಿದ್ದಾರೆ. ಇದರ ಕನಿಷ್ಠ ಮೊತ್ತವನ್ನು ಕೇಂದ್ರ ಸರ್ಕಾರ 2014ರ ಸೆಪ್ಟೆಂಬರ್ 1ರಿಂದ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಿತು. ದಶಕ ಕಳೆದಿದೆ, ಸಾವಿರ ಸಾವಿರವಾಗಿಯೇ ಉಳಿದಿದೆ. ಸರ್ಕಾರಿ ನೌಕರರಿಗೆ ಇರುವಂತೆ ಇದಕ್ಕೆ ತುಟ್ಟಿಭತ್ಯೆ ಇಲ್ಲ.

ಈಗ ಲೆಕ್ಕ ನೋಡೋಣ. ದಯವಿಟ್ಟು ನಿಧಾನವಾಗಿ ಓದಿ. ಆದಾಯ ತೆರಿಗೆಯವರು ಬಳಸುವ ವೆಚ್ಚ ಹಣದುಬ್ಬರ ಸೂಚ್ಯಂಕ ಎಂಬುದೊಂದಿದೆ. ಪ್ರತಿ ವರ್ಷ ಸರ್ಕಾರವೇ ಅದನ್ನು ಪ್ರಕಟಿಸುತ್ತದೆ. 2014-15ರಲ್ಲಿ ಅದು 240 ಇತ್ತು. 2023-24ರಲ್ಲಿ 348 ಆಯಿತು. ಅಂದರೆ 2014ರಲ್ಲಿ 240 ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ ಒಂಬತ್ತು ವರ್ಷದ ನಂತರ 348 ರೂಪಾಯಿ ಬೇಕು. ಆ ಪ್ರಕಾರ 1,000 ರೂಪಾಯಿಯ ಪಿಂಚಣಿ ಅದೇ ಬೆಲೆ ಉಳಿಸಿಕೊಳ್ಳಬೇಕಾದರೆ 1,450 ಆಗಬೇಕಿತ್ತು. ಆಗಲಿಲ್ಲ. ತಿರುಗಿಸಿ ಲೆಕ್ಕ ಹಾಕಿದರೆ, ಇವರ ಕೈಗೆ ಬಂದ ಸಾವಿರದ ಕೊಳ್ಳುವ ಶಕ್ತಿ 2014ರ ಸುಮಾರು 690 ರೂಪಾಯಿಗೆ ಇಳಿದಿದೆ. 310 ರೂಪಾಯಿ ಹೋಗಿದೆ. ನನ್ನ ಮುಂದೆ ಕುಳಿತ ಅಜ್ಜ ಹುಡುಕುತ್ತಿರುವುದು ಈ 310 ರೂಪಾಯಿಯನ್ನೇ. ಪಾಸ್‌ಬುಕ್ಕಿನ ಯಾವ ಸಾಲಿನಲ್ಲಿಯೂ ಅದು ಸಿಗುವುದಿಲ್ಲ.

ವೃತ್ತಿಯ ಎಚ್ಚರಿಕೆಯಿಂದ ಇಲ್ಲೊಂದು ಮಾತು ಸೇರಿಸಬೇಕು. ಈ ಸೂಚ್ಯಂಕ ಪೂರ್ತಿ ಬೆಲೆ ಏರಿಕೆಯನ್ನು ಹಿಡಿಯುವುದಿಲ್ಲ. ನಗರದ ಗ್ರಾಹಕ ಬೆಲೆ ಸೂಚ್ಯಂಕದ ಸರಾಸರಿ ಏರಿಕೆಯ ಶೇ. 75ರಷ್ಟನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದ್ದರಿಂದ ನಿಜವಾದ ನಷ್ಟ ನಾನು ಹೇಳಿದ್ದಕ್ಕಿಂತ ಹೆಚ್ಚು. ಹಾಗಿದ್ದೂ ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ: ನಮ್ಮ ಸಂಸದರ ಸಂಬಳ ಏರುವುದು ಇದೇ ಸೂಚ್ಯಂಕದ ಮೇಲೆ.

2018ರ ಹಣಕಾಸು ಕಾಯ್ದೆಯಲ್ಲಿ ಸಂಸದರ ವೇತನವನ್ನು ತಿಂಗಳಿಗೆ ಒಂದು ಲಕ್ಷಕ್ಕೆ ಏರಿಸಿದಾಗಲೇ ಇನ್ನೊಂದು ಏರ್ಪಾಡು ಮಾಡಿಕೊಂಡರು. 2023ರ ಏಪ್ರಿಲ್‌ನಿಂದ ಆರಂಭಿಸಿ ಐದು ವರ್ಷಕ್ಕೊಮ್ಮೆ ಈ ಸೂಚ್ಯಂಕದ ಪ್ರಕಾರ ವೇತನ ತಾನಾಗಿಯೇ ಪರಿಷ್ಕರಣೆಯಾಗಬೇಕು ಎಂದು ಕಾನೂನಿನಲ್ಲಿಯೇ ಬರೆದರು. 2018-19ರ 280, 2023-24ರಲ್ಲಿ 348. ಭಾಗಿಸಿ ನೋಡಿ. 2025ರ ಮಾರ್ಚ್‌ನಲ್ಲಿ ಅಧಿಸೂಚನೆ ಬಂತು: ಸಂಸದರ ವೇತನ 1,24,000 ರೂಪಾಯಿ, ಮಾಜಿ ಸಂಸದರ ಪಿಂಚಣಿ 25,000ದಿಂದ 31,000. ಎರಡೂ 2023ರ ಏಪ್ರಿಲ್ 1ರಿಂದ ಪೂರ್ವಾನ್ವಯ. ಯಾರೂ ಧರಣಿ ಕೂರಲಿಲ್ಲ, ಮನವಿ ಪತ್ರ ಕೊಡಲಿಲ್ಲ. ಲೆಕ್ಕ ತಾನಾಗಿ ನಡೆಯಿತು.

ಜನಪ್ರತಿನಿಧಿಗಳಿಗೆ ಸಂಬಳ ಬೇಡ ಎಂದು ನಾನು ಹೇಳುವವನಲ್ಲ. ಸಂಬಳವಿಲ್ಲದಿದ್ದರೆ ಶ್ರೀಮಂತರು ಮಾತ್ರ ಸದನಕ್ಕೆ ಹೋಗುತ್ತಾರೆ. ಅವರ ಸಂಬಳ ಬೆಲೆಗೆ ತಕ್ಕಂತೆ ಏರಬೇಕೆಂಬ ಸೂತ್ರವೂ ಸರಿಯಾದದ್ದೇ. ನನ್ನ ಸಿಟ್ಟು ಮೊತ್ತದ ಮೇಲಲ್ಲ, ವಿಧಾನದ ಮೇಲೆ. ಬೆಲೆ ಏರುತ್ತದೆ, ರೂಪಾಯಿ ಕರಗುತ್ತದೆ ಎಂಬ ತಿಳಿವಳಿಕೆ ಕಾನೂನು ಬರೆದವರಿಗೆ ಚೆನ್ನಾಗಿಯೇ ಇತ್ತು. ತಮ್ಮ ಸಂಬಳಕ್ಕೆ ಅದನ್ನು ಅನ್ವಯಿಸಿಕೊಂಡರು. ಎಪ್ಪತ್ತು ದಾಟಿದ ಗಿರಣಿ ಕಾರ್ಮಿಕನ ಪಿಂಚಣಿಯ ಸರದಿ ಬಂದಾಗ ಆ ತಿಳಿವಳಿಕೆ ಇಲ್ಲದವರಂತೆ ಕುಳಿತರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸರ್ಕಾರ ನಾಳೆ ಬೆಳಿಗ್ಗೆ ಎದ್ದು ಕನಿಷ್ಠ ಪಿಂಚಣಿಯನ್ನು 1,000ದಿಂದ 690ಕ್ಕೆ ಇಳಿಸುತ್ತೇನೆ ಎಂದರೆ ಏನು ಮಾಡಬೇಕಾಗುತ್ತದೆ? ಯೋಜನೆಗೆ ತಿದ್ದುಪಡಿ ತರಬೇಕು. ರಾಜಪತ್ರದಲ್ಲಿ ಪ್ರಕಟಿಸಬೇಕು. ಅದಕ್ಕೆ ಒಂದು ದಿನಾಂಕ ಇರುತ್ತದೆ, ಸಹಿ ಹಾಕಿದ ಅಧಿಕಾರಿಯ ಹೆಸರು ಇರುತ್ತದೆ, ಅದರ ಹಿಂದೆ ಒಬ್ಬ ಸಚಿವರು ಇರುತ್ತಾರೆ. ಸಂಸತ್ತಿನಲ್ಲಿ ಕೂಗಾಟವಾಗುತ್ತದೆ, ಪತ್ರಿಕೆಗಳ ಮೊದಲ ಪುಟದಲ್ಲಿ ಬರುತ್ತದೆ. ನನ್ನಂಥ ವಕೀಲನಿಗೆ ನ್ಯಾಯಾಲಯದಲ್ಲಿ ಹಿಡಿದು ನಿಲ್ಲಲು ಒಂದು ಕಾಗದ ಸಿಗುತ್ತದೆ. ಆದರೆ ಅದೇ 310 ರೂಪಾಯಿಯನ್ನು ಒಂಬತ್ತು ವರ್ಷ ಸುಮ್ಮನಿದ್ದು ಕಳೆದರೆ ಇದಾವುದೂ ಬೇಕಾಗುವುದಿಲ್ಲ. ಆದೇಶವಿಲ್ಲ, ದಿನಾಂಕವಿಲ್ಲ, ಹೊಣೆ ಹೊರುವವರಿಲ್ಲ. ಮೊತ್ತವನ್ನು ಏರಿಸದಿರುವುದು ನೀತಿಗೆ ಸಂಬಂಧಿಸಿದ ವಿಷಯ ಎಂದು ನ್ಯಾಯಾಲಯಗಳೂ ಸಾಮಾನ್ಯವಾಗಿ ದೂರ ನಿಲ್ಲುತ್ತವೆ. ಬಡವರ ಹಣದಲ್ಲಿ ಸರ್ಕಾರ ಮಾಡುವ ಉಳಿತಾಯ ನಮ್ಮಲ್ಲಿ ಬಹುಮಟ್ಟಿಗೆ ಹೀಗೆ ನಡೆಯುತ್ತದೆ. ಅದಕ್ಕಾಗಿಯೇ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಅನುಭವಿಸುವವರ ಕಣ್ಣಿಗೂ.

ಇದೊಂದೇ ಅಲ್ಲ. ಬಡತನ ರೇಖೆಗಿಂತ ಕೆಳಗಿನ ವೃದ್ಧರ ಪಿಂಚಣಿಗೆ ಕೇಂದ್ರ ಕೊಡುವ ಪಾಲು 60ರಿಂದ 79 ವರ್ಷದವರಿಗೆ ತಿಂಗಳಿಗೆ 200 ರೂಪಾಯಿ. ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ಅದೇ 200. ಅಂಗನವಾಡಿ ಕಾರ್ಯಕರ್ತೆಯರ ಗೌರವಧನದಲ್ಲಿ ಕೇಂದ್ರದ 4,500 ರೂಪಾಯಿ 2018ರ ಅಕ್ಟೋಬರ್‌ನಲ್ಲಿ ನಿಂತಲ್ಲೇ ನಿಂತಿದೆ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವವರಿಗೆ ಕೇಂದ್ರ ಯೋಜನೆಯಲ್ಲಿ ನಿಗದಿಯಾದ 1,000 ರೂಪಾಯಿ 2009ರದ್ದು. ನಡುವೆ ರಾಜ್ಯಗಳು ತಮ್ಮ ಪಾಲನ್ನು ಏರಿಸುತ್ತಾ ಬಂದಿವೆ, ಕರ್ನಾಟಕವೂ ಏರಿಸಿದೆ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಎದ್ದು ಕಾಣುವ ಕಡಿತ ಹೇಗಿರುತ್ತದೆ ಎಂಬುದಕ್ಕೆ ಕೊರೋನಾ ಕಾಲವನ್ನು ನೆನಪಿಸಿಕೊಳ್ಳಿ. 2020ರ ಏಪ್ರಿಲ್‌ನಲ್ಲಿ ಸಂಸದರ ವೇತನವನ್ನು ಒಂದು ವರ್ಷದ ಮಟ್ಟಿಗೆ ಶೇ. 30ರಷ್ಟು ಕಡಿತ ಮಾಡಿದರು. ಅದು ಒಳ್ಳೆಯ ನಡೆ. ಆದರೆ ಅದಕ್ಕೆ ಸುಗ್ರೀವಾಜ್ಞೆ ಇತ್ತು, ಆರಂಭದ ದಿನವಿತ್ತು, ಮುಗಿಯುವ ದಿನವೂ ಇತ್ತು. ಅದೇ ತಿಂಗಳು ಕೇಂದ್ರ ನೌಕರರ ಮತ್ತು ಪಿಂಚಣಿದಾರರ ತುಟ್ಟಿಭತ್ಯೆಯ ಮೂರು ಕಂತುಗಳನ್ನು ತಡೆಹಿಡಿದರು. ಅದಕ್ಕೂ ಆದೇಶವಿತ್ತು. ಆದ್ದರಿಂದಲೇ ಸಂಘಗಳು ಹದಿನೆಂಟು ತಿಂಗಳ ಬಾಕಿ ಎಂದು ಇವತ್ತಿಗೂ ಹೆಸರಿಟ್ಟು ಕೇಳುತ್ತಿವೆ. ಬಾಕಿ ಕೊಡುವುದಿಲ್ಲ ಎಂದು ಸರ್ಕಾರ ಬಾಯಿಬಿಟ್ಟು ಉತ್ತರ ಹೇಳಬೇಕಾಯಿತು. ಆ 34,402 ಕೋಟಿಯ ಲೆಕ್ಕವನ್ನೂ ಕೊಡಬೇಕಾಯಿತು. ನಮ್ಮ ಸಾವಿರದ ಪಿಂಚಣಿದಾರರಿಗೆ ಅಷ್ಟು ಉತ್ತರವೂ ಸಿಗುವುದಿಲ್ಲ, ಏಕೆಂದರೆ ಬಾಕಿ ಎಂದು ಕರೆಯಲು ಅವರ ಕೈಯಲ್ಲಿ ಕಾಗದವೇ ಇಲ್ಲ.

ಇದು ದೆಹಲಿಯ ಕಥೆ ಮಾತ್ರವಲ್ಲ. 2025ರ ಮಾರ್ಚ್ 21ರಂದು ನಮ್ಮ ವಿಧಾನಸಭೆಯಲ್ಲಿ ಗದ್ದಲದ ನಡುವೆ, ಚರ್ಚೆಯಿಲ್ಲದೆ ವೇತನ ಮಸೂದೆಗಳು ಅಂಗೀಕಾರವಾದವು. ಮುಖ್ಯಮಂತ್ರಿಯ ವೇತನ 75,000ದಿಂದ ಒಂದೂವರೆ ಲಕ್ಷಕ್ಕೆ, ಶಾಸಕರದು 40,000ದಿಂದ 80,000ಕ್ಕೆ. ಬೇರೆ ಪಕ್ಷದ ಸರ್ಕಾರವಿದ್ದ 2022ರ ಫೆಬ್ರವರಿಯಲ್ಲಿಯೂ ಹೀಗೆಯೇ ಗದ್ದಲದಲ್ಲಿ ಅಂಗೀಕಾರವಾಗಿತ್ತು. ಏರಿಕೆ ಅಗತ್ಯ ಎಂದು ನಂಬಿದವರು ಎದ್ದು ನಿಂತು ಕಾರಣ ಹೇಳಬಹುದಿತ್ತು. ಒಪ್ಪುವವರು ಒಪ್ಪುತ್ತಿದ್ದರು. ಒಂದು ಮಾತೂ ಆಡದೆ ತೆಗೆದುಕೊಂಡರಲ್ಲ, ಅದು ನನಗೆ ಮೊತ್ತಕ್ಕಿಂತ ಹೆಚ್ಚು ನೋವು ಕೊಟ್ಟಿದೆ.

ಪಿಂಚಣಿಯ ಮೊತ್ತದ ಬಗ್ಗೆ ಇರುವ ಗೊಂದಲದಿಂದ ಆಗುವ ಅನಾಹುತ ಹೇಳುತ್ತೇನೆ. ಗಿರಣಿ ಮುಚ್ಚಿದ ಮೇಲೆ ಅಂಗಡಿ ಸಂಕೀರ್ಣವೊಂದರಲ್ಲಿ ರಾತ್ರಿ ಕಾವಲುಗಾರನಾಗಿದ್ದ ಒಬ್ಬರು ಮೊಬೈಲಿಗೆ ಬಂದ ಸಂದೇಶ ನಂಬಿದರು: ಮುಂದಿನ ತಿಂಗಳಿಂದ ಪಿಂಚಣಿ 7,500. ಸಂಘಟನೆಗಳು ಬಹಳ ಕಾಲದಿಂದ ಇಟ್ಟಿರುವ ಬೇಡಿಕೆಯ ಮೊತ್ತ ಅದು. ಯಾರೋ ಅದನ್ನು ಆದೇಶವೆಂದು ಹರಡಿದ್ದರು. ಇವರು ಮಾಲೀಕರಿಗೆ ಹೇಳಿ ಕೆಲಸ ಬಿಟ್ಟರು. ಎರಡು ತಿಂಗಳಾದ ಮೇಲೆ ಅವರ ಹೆಂಡತಿ ನನ್ನ ಬಳಿ ಬಂದು, “ಸಾರ್, ಅದರಲ್ಲಿ ಸಿಂಹದ ಮುದ್ರೆ ಇತ್ತು” ಎಂದರು. ಅಷ್ಟರಲ್ಲಿ ಆ ಕೆಲಸಕ್ಕೆ ಬೇರೊಬ್ಬರು ಬಂದಾಗಿತ್ತು. ಆ ತಾಯಿಯ ಮುಂದೆ ನಾನು ಸೂಚ್ಯಂಕದ ಪಾಠ ಹೇಳಲಿಲ್ಲ. ಪರಿಚಯದವರೊಬ್ಬರಿಗೆ ಫೋನ್ ಮಾಡಿ ಬೇರೆ ಕಡೆ ಕಾವಲು ಕೆಲಸ ವಿಚಾರಿಸಿದೆ.

ಇನ್ನೊಂದು ಕಷ್ಟವೂ ಇದೆ. ಬೀಡಿ ಕಟ್ಟಿ ಬೆರಳು ಸವೆಸಿದ ಹೆಣ್ಣುಮಗಳೊಬ್ಬರು ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಗೆ ಅರ್ಜಿ ಹಾಕಲು ಹೋದರು. ಅಲ್ಲಿ ತಿಂಗಳಿಗೆ 1,200 ರೂಪಾಯಿ. ಬೇರೆ ಪಿಂಚಣಿ ಬರುತ್ತದೆಯೇ ಎಂದು ಕಚೇರಿಯವರು ಕೇಳಿದರು. ಬರುತ್ತದೆ ಎಂದು ಇವರು ನಿಜ ಹೇಳಿದರು, ಅರ್ಜಿ ಅಲ್ಲಿಗೇ ನಿಂತಿತು. ಇಪ್ಪತ್ತು ವರ್ಷ ಪಿಎಫ್ ಕಟ್ಟಿದ ತಪ್ಪಿಗೆ ಇನ್ನೂರು ರೂಪಾಯಿ ಕಡಿಮೆ. ಪ್ರತಿ ಪ್ರಕರಣದ ವಿವರ ಬೇರೆಯಿರುತ್ತದೆ, ಆದ್ದರಿಂದ ಇಂಥ ಸ್ಥಿತಿಯಲ್ಲಿರುವವರು ಯಾವುದನ್ನೂ ಮುಚ್ಚಿಡದೆ ತಾಲ್ಲೂಕು ಕಚೇರಿಯಲ್ಲಿ ಲಿಖಿತ ಉತ್ತರ ಕೇಳಬೇಕು. ಸುಳ್ಳು ಘೋಷಣೆ ಬರೆದುಕೊಡಬೇಡಿ. ಮುಂದೆ ವಸೂಲಾತಿ ಬಂದರೆ ತಡೆಯುವುದು ಕಷ್ಟ.

ಹಣವಿಲ್ಲ ಎಂಬ ಸರ್ಕಾರದ ವಾದವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಪಿಂಚಣಿ ನಿಧಿಗೆ ಬರುವುದು ಮಾಲೀಕರ ವಂತಿಗೆಯಿಂದ ವೇತನದ ಶೇ. 8.33 ಮತ್ತು ಕೇಂದ್ರದಿಂದ ವೇತನದ ಶೇ. 1.16, ಅದೂ 15,000 ರೂಪಾಯಿಯ ವೇತನ ಮಿತಿಯೊಳಗೆ. ನಿಧಿ ಮುಂದಿನ ಪಿಂಚಣಿಗಳಿಗೆ ಸಾಕೇ ಎಂದು ವಿಮಾ ಗಣಕರು ಹಾಕಿದ ಲೆಕ್ಕದಲ್ಲಿ ಕೊರತೆ ಕಂಡುಬಂದಿದೆ. ಸಾವಿರ ಕೊಡುವುದಕ್ಕೂ ಬಜೆಟ್ಟಿನ ನೆರವು ಬೇಕಾಗುತ್ತಿದೆ. ಇವೆಲ್ಲ ನಿಜ. ಆದರೆ ದಾರಿ ತೋರಿಸಿದವರಿದ್ದರು. 2013ರಲ್ಲಿ ಭಗತ್ ಸಿಂಗ್ ಕೋಶ್ಯಾರಿ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ ಕನಿಷ್ಠ 3,000 ಕೊಡಿ, ಕೇಂದ್ರದ ಪಾಲನ್ನು ಹೆಚ್ಚಿಸಿ ಎಂದು ಶಿಫಾರಸು ಮಾಡಿತು. 2018ರಲ್ಲಿ ಸರ್ಕಾರವೇ ನೇಮಿಸಿದ ಉನ್ನತಾಧಿಕಾರ ಸಮಿತಿ 2,000 ಎಂದಿತು. ಹಣಕಾಸು ಸಚಿವಾಲಯ ಒಪ್ಪಲಿಲ್ಲ. ಏಕೆ ಒಪ್ಪಲಿಲ್ಲ ಎಂದು ನಮ್ಮ ಊರಿನ ಯಾವ ಸಭೆಯಲ್ಲಿಯೂ ಯಾವ ನಾಯಕರೂ ವಿವರಿಸಿದ್ದನ್ನು ನಾನು ಕೇಳಿಲ್ಲ. ಧರಣಿಗೆ ಬರುತ್ತಾರೆ, ಮನವಿ ಪತ್ರ ಸ್ವೀಕರಿಸುತ್ತಾರೆ, ಫೋಟೋ ಆಗುತ್ತದೆ, “ಗಮನಕ್ಕೆ ತರುತ್ತೇನೆ” ಎನ್ನುತ್ತಾರೆ.

ಅಲ್ಲಿಯವರೆಗೆ ಜನರ ಕೋಪವೆಲ್ಲ ಪಿಎಫ್ ಕಚೇರಿಯ ಕೌಂಟರಿನಲ್ಲಿ ಕುಳಿತ ಹುಡುಗಿಯ ಮೇಲೆ ಬೀಳುತ್ತದೆ. ಅವಳಿಗೆ ಒಂದು ರೂಪಾಯಿ ಏರಿಸುವ ಅಧಿಕಾರವೂ ಇಲ್ಲ. ದಯವಿಟ್ಟು ಅವಳನ್ನು ಬೈಯಬೇಡಿ. ಪಿಂಚಣಿ ನಿಂತುಹೋದರೆ, ಜೀವನ ಪ್ರಮಾಣ ಪತ್ರ ಸೇರದಿದ್ದರೆ, ಸೇವೆಯ ವರ್ಷ ತಪ್ಪಾಗಿ ಎಣಿಸಿದ್ದರೆ ಅವಳ ಬಳಿ ಹೋಗಿ, ಅಲ್ಲಿ ಕೆಲಸವಾಗುತ್ತದೆ. ಮೊತ್ತದ ಪ್ರಶ್ನೆ ಇದ್ದರೆ ಹೋಗಬೇಕಾದದ್ದು ನಿಮ್ಮ ಸಂಸದರ ಬಳಿ.

ಹೋಗುವಾಗ “ಪಿಂಚಣಿ ಹೆಚ್ಚಿಸಿ” ಎಂದು ಬರೆದ ಮನವಿ ಒಯ್ಯಬೇಡಿ, ಅದಕ್ಕೆ ಅವರು ತಲೆಯಾಡಿಸಿದರೆ ಮುಗಿಯಿತು. ನಿಮ್ಮ ಸಂಬಳಕ್ಕಿರುವ ಸೂಚ್ಯಂಕವನ್ನು ನಮ್ಮ ಸಾವಿರಕ್ಕೂ ಜೋಡಿಸಲು ಯೋಜನೆಗೆ ತಿದ್ದುಪಡಿ ಬೇಕೆಂದು ನೀವು ಸದನದಲ್ಲಿ ಯಾವ ದಿನಾಂಕದಂದು ಕೇಳಿದ್ದೀರಿ, ಬಂದ ಉತ್ತರವೇನು ಎಂದು ಬರೆಯಿರಿ. ಕೇಳಿಲ್ಲವಾದರೆ ಯಾವ ಅಧಿವೇಶನದಲ್ಲಿ ಕೇಳುತ್ತೀರಿ ಎಂದು ಇನ್ನೊಂದು ಸಾಲು ಸೇರಿಸಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಅವರ ಕಚೇರಿಯ ಮೊಹರು ಮತ್ತು ತಾರೀಖು ಹಾಕಿಸಿಕೊಂಡು ಬನ್ನಿ. ಬರೆಯಲು ಬಾರದವರು ನನ್ನ ಕಚೇರಿಗೆ ಬರಬಹುದು, ಇದಕ್ಕೆ ಶುಲ್ಕ ತೆಗೆದುಕೊಳ್ಳುವುದಿಲ್ಲ.