ಡ್ರಮ್ ಸ್ಯಾಂಪ್ಲರ್ ಯಾವುದು ಆರಿಸೋದು? ಮದ್ದಲೆ ಮುಂದಿಟ್ಟುಕೊಂಡು ಮಾಡಿದ ಟಿಪ್ಪಣಿ

ಮೂರು ವಾರದಿಂದ ಇದೇ ಕೆಲಸ: ಡ್ರಮ್ ಸ್ಯಾಂಪ್ಲರ್, ಅಂದರೆ ರೆಕಾರ್ಡ್ ಮಾಡಿದ ಪೆಟ್ಟುಗಳನ್ನು (ಸ್ಯಾಂಪಲ್) ಕೀಲಿ ಒತ್ತಿದಾಗ ನುಡಿಸುವ ಸಾಫ್ಟ್‌ವೇರ್ ಹುಡುಕುವುದು. ಬಿಸಿ ಆರುವ ಮೊದಲು ಬರೆದಿಟ್ಟರೆ ನನಗೂ ನೆನಪಿರುತ್ತದೆ, ಇದೇ ಹಾದಿ ಹಿಡಿದವರಿಗೂ ಉಪಯೋಗವಾದೀತು. ಪ್ಲಗಿನ್ ಹಾಕುವುದು, ಟ್ರ್ಯಾಕ್ ತೆರೆಯುವುದು, ಕೀಬೋರ್ಡಿನ ಮಿಡಿ ಲ್ಯಾಪ್‌ಟಾಪಿಗೆ ಬರುವಂತೆ ಮಾಡುವುದು ನಿಮಗೆ ಗೊತ್ತಿದೆ ಎಂದುಕೊಂಡು ಮುಂದೆ ಹೋಗುತ್ತೇನೆ.

ನನ್ನ ಸ್ಟುಡಿಯೋ ಅಂದರೆ ಶಿರಸಿ ಹತ್ತಿರದ ಹಳ್ಳಿಮನೆಯ ಮೆತ್ತಿ (ಮಹಡಿ). 8 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪು, ಎರಡು ಇನ್‌ಪುಟ್ಟಿನ ಆಡಿಯೋ ಇಂಟರ್‌ಫೇಸು, ಒಂದು ಕಂಡೆನ್ಸರ್ ಮೈಕು, ಗೋಡೆಗೆ ಇಳಿಬಿಟ್ಟ ಎರಡು ಕಂಬಳಿ. ಮಳೆಗಾಲ, ಯಕ್ಷಗಾನದ ಆಟ ಇಲ್ಲ, ಹಾಗಾಗಿ ದೊಡ್ಡಪ್ಪನೂ ಅವರ ಮದ್ದಲೆಯೂ ಬಿಡುವಾಗಿದ್ದರು. ನನಗೆ ಬೇಕಾಗಿದ್ದು ಇಷ್ಟೇ: ಹಾಡಿಗೆ ಮಾಮೂಲಿ ಡ್ರಮ್ ಸೆಟ್ಟಿನ ಕಿಕ್-ಸ್ನೇರ್ ಇರಬೇಕು, ಪಕ್ಕದಲ್ಲಿ ಮದ್ದಲೆಯೂ ಇರಬೇಕು.

ತುಂಬಿದ ಡಬ್ಬಿ, ಖಾಲಿ ಡಬ್ಬಿ

"ಡ್ರಮ್ ಸಾಫ್ಟ್‌ವೇರ್" ಅಂತ ಹುಡುಕಿದರೆ ಎರಡು ಬೇರೆ ಜಾತಿಯ ಸಾಮಾನು ಒಂದೇ ಪಟ್ಟಿಯಲ್ಲಿ ಬರುತ್ತವೆ. ಒಂದು ಜಾತಿ ತುಂಬಿದ ಡಬ್ಬಿ. ಯಾರೋ ದೊಡ್ಡ ಸ್ಟುಡಿಯೋದಲ್ಲಿ ನುಡಿಸಿ, ಕತ್ತರಿಸಿ, ಜೋಡಿಸಿ ಕೊಟ್ಟಿರುತ್ತಾರೆ. ಟೂನ್‌ಟ್ರ್ಯಾಕ್‌ನ ಈಝಿಡ್ರಮರ್, ಸುಪೀರಿಯರ್ ಡ್ರಮರ್, ಎಕ್ಸ್‌ಎಲ್‌ಎನ್‌ನ ಅಡಿಕ್ಟಿವ್ ಡ್ರಮ್ಸ್, ಸ್ಟೀವನ್ ಸ್ಲೇಟ್ ಡ್ರಮ್ಸ್ ಇವೆಲ್ಲ ಈ ಜಾತಿ. ಪುಕ್ಕಟೆ ಬೇಕೆಂದರೆ ಎಂಟಿ ಪವರ್ ಡ್ರಮ್ ಕಿಟ್ 2 ಇದೆ, ಸ್ಲೇಟ್‌ನವರದ್ದೇ 5.5 ಫ್ರೀ ಇದೆ. ಇನ್ನೊಂದು ಜಾತಿ ಖಾಲಿ ಡಬ್ಬಿ, ಸದ್ದು ನೀವೇ ತುಂಬಬೇಕು. ಬ್ಯಾಟರಿ 4, ಸಿತಾಲಾ, ಎಫ್‌ಎಲ್ ಸ್ಟುಡಿಯೋದ ಎಫ್‌ಪಿಸಿ, ಏಬಲ್‌ಟನ್‌ನ ಡ್ರಮ್ ರ‍್ಯಾಕ್, ರೀಪರ್‌ನ ರಿಯಾಸ್ಯಾಂಪ್ಲೊಮ್ಯಾಟಿಕ್ 5000, ಓಪನ್ ಸೋರ್ಸ್ ಹೈಡ್ರೋಜನ್ ಇಲ್ಲಿಗೆ ಸೇರುತ್ತವೆ.

ನಾನು ಮೊದಲ ವಾರ ಪೂರ್ತಿ ತುಂಬಿದ ಡಬ್ಬಿಗಳ ವಿಡಿಯೋ ನೋಡಿ ಕಳೆದೆ. ಸುಪೀರಿಯರ್ ಡ್ರಮರ್ 3ರ ಪೂರ್ತಿ ಲೈಬ್ರರಿ ಸುಮಾರು 230 ಜಿಬಿ. ಸೆಕೆಂಡಿಗೆ 10 ಮೆಗಾಬಿಟ್‌ನ ಲೈನಿನಲ್ಲಿ ಲೆಕ್ಕ ಹಾಕಿ ನೋಡಿದೆ: 51 ತಾಸು, ಅದೂ ಕರೆಂಟು ಒಮ್ಮೆಯೂ ಹೋಗದಿದ್ದರೆ. ಆಷಾಢದಲ್ಲಿ ನಮ್ಮೂರಲ್ಲಿ 51 ತಾಸು ಕರೆಂಟು! ಆದರೆ ಅದಕ್ಕಿಂತ ದೊಡ್ಡ ಸಂಗತಿ ನನಗೆ ತಡವಾಗಿ ಹೊಳೆಯಿತು. ನಾನು ನೋಡುತ್ತಿದ್ದ ಆ ಯಾವ ಕಿಟ್ಟಿನಲ್ಲೂ ಮದ್ದಲೆ ಇರಲಿಲ್ಲ. ನನಗೆ ಬೇಕಿದ್ದದ್ದು ಖಾಲಿ ಡಬ್ಬಿ.

ಹಾಗಂತ ತುಂಬಿದ ಡಬ್ಬಿ ದಂಡ ಅಲ್ಲ. ಡ್ರಮ್ ನುಡಿಸಲು ಬಾರದವರಿಗೆ ಅದರೊಳಗಿನ ಸದ್ದಿಗಿಂತ ಸಿದ್ಧ ಮಿಡಿ ತಾಳಗಳೇ ಹೆಚ್ಚು ಬೆಲೆಬಾಳುವಂಥವು. 2022ರಲ್ಲಿ ಬಂದ ಈಝಿಡ್ರಮರ್ 3ರಲ್ಲಿ ನಿಮ್ಮ ಗಿಟಾರ್ ಟ್ರ್ಯಾಕ್ ಎಳೆದು ಹಾಕಿದರೆ ಅದಕ್ಕೆ ಹೊಂದುವ ತಾಳ ಹುಡುಕಿಕೊಡುವ ಬ್ಯಾಂಡ್‌ಮೇಟ್ ಎಂಬ ಸೌಲಭ್ಯ ಇದೆ. ಗಿಟಾರ್ ಹಿಡಿದು ಹಾಡು ಕಟ್ಟುವವರು ಅದನ್ನೇ ತೆಗೆದುಕೊಳ್ಳಲಿ, ಈ ಟಿಪ್ಪಣಿಯ ಉಳಿದ ಭಾಗ ಅವರಿಗೆ ಬೇಡ.

ಒಂದು ಎಚ್ಚರಿಕೆ: ಯಾರಾದರೂ ಪುಕ್ಕಟೆ ಕೊಟ್ಟ ಕಾಂಟಾಕ್ಟ್ (ಇದೂ ಒಂದು ಸ್ಯಾಂಪ್ಲರ್) ಲೈಬ್ರರಿ ಇಳಿಸಿಕೊಳ್ಳುವ ಮೊದಲು "ಪೂರ್ಣ ಕಾಂಟಾಕ್ಟ್ ಬೇಕು" ಎಂದು ಬರೆದಿದೆಯೇ ನೋಡಿ. ಪುಕ್ಕಟೆ ಕಾಂಟಾಕ್ಟ್ ಪ್ಲೇಯರ್‌ನಲ್ಲಿ ಅಂಥದ್ದು 15 ನಿಮಿಷ ಮಾತ್ರ ನುಡಿಯುತ್ತದೆ.

ಲೇಯರ್ ಮತ್ತು ರೌಂಡ್ ರಾಬಿನ್

ಇಲ್ಲಿ ನಾನು ಬಿದ್ದೆ, ಎರಡು ಸಲ ಬಿದ್ದೆ.

ಮೊದಲು ಒಂದೇ ಒಂದು ಧೀಂ ಪೆಟ್ಟನ್ನು ರೆಕಾರ್ಡ್ ಮಾಡಿ ಸಿತಾಲಾದ ಒಂದು ಪ್ಯಾಡಿಗೆ ಹಾಕಿದೆ. ಕೀಲಿ ಒತ್ತಿದರೆ ಧೀಂ. ಖುಷಿಯಾಯಿತು. ಒಂದು ಸಣ್ಣ ಬಿಡ್ತಿಗೆ (ಯಕ್ಷಗಾನದ ಮದ್ದಲೆ ನುಡಿತದ ತುಣುಕು) ಜೋಡಿಸಿ ದೊಡ್ಡಪ್ಪನಿಗೆ ಕೇಳಿಸಿದೆ. ಕವಳ ಜಗಿಯುತ್ತ ಕೇಳಿದವರು ಅಂದರು: "ಎಂತದಾ ತಮಾ ಇದು, ಮದ್ದಲೆಯೋ ಹೊಲಿಗೆ ಮಷಿನ್ನೋ?"

ಅದೇ ಸದ್ದು, ಅದೇ ಎತ್ತರ, ಅದೇ ಬಾಲ (ಪೆಟ್ಟಿನ ನಂತರ ಉಳಿಯುವ ಮೊಳಗು), ಮತ್ತೆ ಮತ್ತೆ. ನಿಜವಾದ ಮದ್ದಲೆಯಲ್ಲಿ ಹಾಗಾಗುವುದೇ ಇಲ್ಲ. "ಬೆರಳು ಒಂದೇ ಜಾಗಕ್ಕೆ ಎರಡು ಸಲ ಬೀಳ್ತಿಲ್ಲೆ" ಅಂದರು. ಅಂದರೆ ಒಂದು ಪೆಟ್ಟಿಗೆ ಹಲವು ಸ್ಯಾಂಪಲ್ ಬೇಕು. ಸರಿ, 16 ಧೀಂ ರೆಕಾರ್ಡ್ ಮಾಡಿದೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಜೋರಿನವು. ಅವುಗಳಲ್ಲಿ ನಾಲ್ಕನ್ನು ತೆಗೆದು ನಾಲ್ಕು ವೆಲಾಸಿಟಿ ಲೇಯರ್‌ಗೆ ಹಂಚಿದೆ. ಇದು ಮೊದಲ ತಪ್ಪು.

ವೆಲಾಸಿಟಿ ಅಂದರೆ ಕೀಲಿಯನ್ನು ಎಷ್ಟು ರಭಸದಿಂದ ಒತ್ತಿದಿರಿ ಎಂಬ ಸಂಖ್ಯೆ, 1ರಿಂದ 127. ಲೇಯರ್ ಅಂದರೆ ಆ ಸಂಖ್ಯೆಯನ್ನು ಪಟ್ಟೆ ಪಟ್ಟೆಯಾಗಿ ಒಡೆಯುವುದು. ನನ್ನ ಪಟ್ಟೆಗಳು 1–40, 41–80, 81–110, 111–127. ಮೆಲ್ಲಗೆ ಒತ್ತಿದರೆ ಮೊದಲ ಪಟ್ಟೆಯ ಸ್ಯಾಂಪಲ್, ಜೋರಾಗಿ ಒತ್ತಿದರೆ ಕೊನೆಯದು. ನಾನು ನಾಲ್ಕರಲ್ಲೂ ಜೋರು ಪೆಟ್ಟನ್ನೇ ಇಟ್ಟಿದ್ದೆ. ಮೆಲ್ಲಗೆ ಒತ್ತಿದಾಗ ಏನು ಕೇಳಿತು ಗೊತ್ತೇ? ರಾತ್ರಿ ಮಲಗಿದಾಗ ಆಚೆ ಗುಡ್ಡದ ಬಯಲಾಟದ ಮದ್ದಲೆ ಕೇಳುತ್ತದಲ್ಲ, ಹಾಗೆ. ದನಿ ಸಣ್ಣದು, ಆದರೆ ಪೆಟ್ಟು ಜೋರಿನದ್ದು ಎಂದು ಕಿವಿಗೆ ತಿಳಿಯುತ್ತದೆ. ದೊಡ್ಡಪ್ಪ ಎದುರಿಗೆ ಕೂತು ಮೆಲ್ಲಗೆ ತಟ್ಟಿದ ಮದ್ದಲೆ ಬೇರೆಯೇ. ಅದರ ಚರ್ಮದ ದನಿ ಮೆತ್ತಗೆ, ಚುರುಕು ಕಡಿಮೆ, ಬಾಲ ಗಿಡ್ಡ. ಲೇಯರ್ ಇರುವುದು ಈ ದನಿಯ ಬಣ್ಣ ಬದಲಾಗಲಿಕ್ಕೆ. ವಾಲ್ಯೂಮ್ ಏರಿಳಿಸಲು ಲೇಯರ್ ಬೇಕಾಗಿಲ್ಲ, ಒಂದು ಸ್ಯಾಂಪಲ್ ಸಾಕು.

ತಪ್ಪು ತಿಳಿಯಿತು ಅಂತ ಮೆಲು-ಜೋರು ಎಲ್ಲ ಬಗೆಯ ಪೆಟ್ಟು ರೆಕಾರ್ಡ್ ಮಾಡಿದೆ. ಈಗ ಅವನ್ನೆಲ್ಲ ಒಂದೇ ಪಟ್ಟೆಯಲ್ಲಿ ರೌಂಡ್ ರಾಬಿನ್‌ಗೆ ಹಾಕಿದೆ. ಎರಡನೇ ತಪ್ಪು. ರೌಂಡ್ ರಾಬಿನ್ ಅಂದರೆ ಸರದಿ: ಮೊದಲ ಸಲ ಒಂದನೇ ಸ್ಯಾಂಪಲ್, ಮುಂದಿನ ಸಲ ಎರಡನೆಯದು, ಹೀಗೆ ಸುತ್ತು. ನಾನು ಒಂದೇ ರಭಸದಲ್ಲಿ ಒತ್ತಿದರೂ ಮದ್ದಲೆ ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ, ಮನಸ್ಸು ಬಂದ ಹಾಗೆ ನುಡಿಯಿತು.

ಈಗ ಗೋಡೆಗೆ ಚೀಟಿ ಅಂಟಿಸಿಕೊಂಡಿದ್ದೇನೆ: ಬಲ ಬೇರೆಯಾದರೆ ಲೇಯರ್, ಬಲ ಒಂದೇ ಆದರೆ ಸರದಿ.

ಸರದಿಗೆ ಎಷ್ಟು ಸ್ಯಾಂಪಲ್ ಸಾಕು? ಮೊದಲು ನಾಲ್ಕು ಇಟ್ಟಿದ್ದೆ. ಒಂದು ಬೀಟಿಗೆ ನಾಲ್ಕು ಪೆಟ್ಟಿನಂತೆ ಎಡೆಬಿಡದೆ ನುಡಿಸಿದಾಗ ಪ್ರತಿ ಬೀಟೂ ಒಂದನೇ ಸ್ಯಾಂಪಲ್ಲಿನಿಂದಲೇ ಶುರುವಾಗುತ್ತಿತ್ತು. ಸುತ್ತು ತಾಳಕ್ಕೆ ಕೂತುಬಿಟ್ಟರೆ ಹೊಲಿಗೆ ಮಷಿನ್ನು ಮರಳಿ ಬರುತ್ತದೆ, ಸ್ವಲ್ಪ ದೊಡ್ಡ ಹೊಲಿಗೆಯಲ್ಲಿ. ಐದು ಮಾಡಿದೆ, ಸುತ್ತು ಬೀಟಿನಿಂದ ಜಾರುತ್ತ ಹೋಯಿತು. ಏಳಕ್ಷರದ ತ್ರಿವುಡೆ ತಾಳಕ್ಕೂ ಐದು ಕೂರುವುದಿಲ್ಲ. ಝಂಪೆ ತಾಳಕ್ಕೆ ಮಾತ್ರ ಐದು ಹೊಂದಿಬಿಡುತ್ತದೆ, ಅದಕ್ಕೆ ಇನ್ನೂ ಉಪಾಯ ಮಾಡಿಲ್ಲ.

ಇದರ ನಡುವೆ ಇನ್ನೊಂದು ಎಡವಟ್ಟು. ಜೋರು ಪೆಟ್ಟುಗಳನ್ನು ಒಂದು ಸಂಜೆ ಹೊಳವಾದಾಗ ಹಿಡಿದೆ, ಮೆಲು ಪೆಟ್ಟುಗಳನ್ನು ಮರುದಿನ ಬೆಳಿಗ್ಗೆ. ರಾತ್ರಿಯಿಡೀ ಸುರಿದ ಮಳೆಗೆ ತಂಡಿ ಏರಿ ಚರ್ಮ ಸಡಿಲಾಗಿತ್ತು, ಶ್ರುತಿ ಇಳಿದಿತ್ತು. ನನ್ನ ಕಿವಿಗೆ ಗೊತ್ತಾಗಲಿಲ್ಲ. ಲೇಯರ್ ಕೂಡಿಸಿ ನುಡಿಸಿದಾಗ ವೆಲಾಸಿಟಿ 80 ದಾಟುತ್ತಲೇ ಬೇರೆ ಮದ್ದಲೆ ಬಂದು ಕೂತಂತೆ ಆಯಿತು. ಸಾಫ್ಟ್‌ವೇರಿನಲ್ಲಿ ಸೆಂಟ್ (ಅರ್ಧ ಸ್ವರದ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಶ್ರುತಿ ಏರಿಸಿ ನೋಡಿದೆ. ಎತ್ತರ ಕೂಡಿತು, ಸಡಿಲ ಚರ್ಮದ ದನಿ ಹೋಗಲಿಲ್ಲ. ಪೂರ್ತಿ ಮತ್ತೆ ರೆಕಾರ್ಡ್ ಮಾಡಿದೆವು, ಒಂದೇ ಸಲ ಕೂತು, ಹತ್ತು ಹತ್ತು ಪೆಟ್ಟಿಗೊಮ್ಮೆ ಶ್ರುತಿ ನೋಡಿಕೊಂಡು.

ಎರಡು ಸಲ ತಗ್ಗಿದ ದನಿ

ಇದಕ್ಕೆ ನಾಲ್ಕು ದಿನ ಹೋಯಿತು, ಹಾಗಾಗಿ ಬಿಡಿಸಿ ಬರೆಯುತ್ತೇನೆ.

ಲೇಯರ್ ಸರಿ, ಸರದಿ ಸರಿ, ಶ್ರುತಿ ಸರಿ. ಆದರೂ ಮೆಲು ಪೆಟ್ಟುಗಳು ಕೇಳುವುದೇ ಇಲ್ಲ. ಹೆಡ್‌ಫೋನ್ ಹಾಳಾಗಿದೆ ಅಂದುಕೊಂಡೆ. ಆಮೇಲೆ ಕೀಬೋರ್ಡ್ ಹಾಳಾಗಿದೆ ಅಂದುಕೊಂಡೆ.

ಲೆಕ್ಕ ಹೀಗಿತ್ತು. ದೊಡ್ಡಪ್ಪ ಮೆಲ್ಲಗೆ ನುಡಿಸಿದ್ದು ರೆಕಾರ್ಡಿಂಗಿನಲ್ಲೇ ಜೋರು ಪೆಟ್ಟಿಗಿಂತ 18 ಡೆಸಿಬೆಲ್ ಕೆಳಗಿತ್ತು, ಅಂದರೆ ಅಲೆಯ ಎತ್ತರ ಸುಮಾರು ಎಂಟರಲ್ಲಿ ಒಂದು ಪಾಲು. ಅದು ಸಹಜ. ಆದರೆ ಸ್ಯಾಂಪ್ಲರ್ ಕೂಡ ತನ್ನ ಪಾಡಿಗೆ ಒಂದು ಕೆಲಸ ಮಾಡುತ್ತಿರುತ್ತದೆ: ವೆಲಾಸಿಟಿ ಕಡಿಮೆಯಾದರೆ ವಾಲ್ಯೂಮ್ ತಗ್ಗಿಸುತ್ತದೆ. ನಾನು ಆಗ ಬಳಸುತ್ತಿದ್ದ ಎಸ್‌ಎಫ್‌ಝಡ್ ಎಂಬ ಫಾರ್ಮ್ಯಾಟಿನ ಮೂಲ ನಿಯಮದಲ್ಲಿ ವೆಲಾಸಿಟಿ 64 ಅಂದರೆ 12 ಡೆಸಿಬೆಲ್ ಕಡಿತ, 40 ಅಂದರೆ 20 ಡೆಸಿಬೆಲ್ ಕಡಿತ. 20 ಡೆಸಿಬೆಲ್ ಅಂದರೆ ಹತ್ತರಲ್ಲಿ ಒಂದು ಪಾಲು. ಎಂಟರಲ್ಲೊಂದರ ಹತ್ತರಲ್ಲೊಂದು, ಎಂಬತ್ತರಲ್ಲಿ ಒಂದು! ದೊಡ್ಡಪ್ಪ ಒಮ್ಮೆ ತಗ್ಗಿಸಿದ್ದನ್ನು ಸಾಫ್ಟ್‌ವೇರ್ ಮತ್ತೊಮ್ಮೆ ತಗ್ಗಿಸುತ್ತಿತ್ತು.

ದಾರಿ ಎರಡು. ಒಂದು, ಸಾಫ್ಟ್‌ವೇರಿಗೆ "ನೀನು ತಗ್ಗಿಸಬೇಡ" ಎನ್ನುವುದು, ಅಂದರೆ ವೆಲಾಸಿಟಿಯಿಂದ ವಾಲ್ಯೂಮಿಗೆ ಹೋಗುವ ಪ್ರಮಾಣವನ್ನು ಸೊನ್ನೆ ಮಾಡುವುದು. ಮಾಡಿದೆ. ಮೆಲು ಪೆಟ್ಟು ಕೇಳಿತು, ಆದರೆ ಮೆಟ್ಟಿಲು ಬಂತು. 41ಕ್ಕೂ 80ಕ್ಕೂ ಒಂದೇ ದನಿ, 81ಕ್ಕೆ ಧಡಕ್ ಅಂತ ಜಿಗಿತ. ಎರಡನೆಯದು, ಎಲ್ಲ ಲೇಯರನ್ನೂ ಒಂದೇ ಜೋರಿಗೆ ತಂದು, ತಗ್ಗಿಸುವ ಕೆಲಸವನ್ನು ಸಾಫ್ಟ್‌ವೇರಿಗೇ ಬಿಡುವುದು. ಆಗ ವಾಲ್ಯೂಮ್ ನುಣ್ಣಗೆ ಏರುತ್ತದೆ, ದನಿಯ ಬಣ್ಣ ಪಟ್ಟೆಗೆ ತಕ್ಕಂತೆ ಬದಲಾಗುತ್ತದೆ. ನಾನು ಉಳಿಸಿಕೊಂಡಿದ್ದು ಇದನ್ನು.

ಆದರೆ ಇಲ್ಲಿ ಇನ್ನೊಂದು ಹೊಂಡ ಇದೆ. ಆಡಾಸಿಟಿ ಎಂಬ ಸದ್ದು ತಿದ್ದುವ ಸಾಫ್ಟ್‌ವೇರಿನಲ್ಲಿ ಎಲ್ಲ ಫೈಲು ಆರಿಸಿ ಒಂದೊಂದನ್ನೂ ಬೇರೆ ಬೇರೆ ನಾರ್ಮಲೈಸ್ (ಗರಿಷ್ಠ ಜೋರನ್ನು ಒಂದೇ ಮಟ್ಟಕ್ಕೆ ತರುವುದು) ಮಾಡಬೇಡಿ. ಒಂದೇ ಲೇಯರಿನ ಐದು ಪೆಟ್ಟುಗಳ ನಡುವೆ ಕೈಯಿಂದ ಬಂದ ಸಣ್ಣ ಹೆಚ್ಚುಕಡಿಮೆ ಇರುತ್ತದಲ್ಲ, ಅದು ಅಳಿಸಿಹೋಗುತ್ತದೆ. ಸರದಿ ಇಟ್ಟಿದ್ದೇ ಅದಕ್ಕಾಗಿ. ಒಂದು ಲೇಯರಿನ ಐದನ್ನೂ ಒಟ್ಟಿಗೆ ಒಂದೇ ಅಳತೆಯಲ್ಲಿ ಏರಿಸಿ. ನನ್ನ ಮೆಲು ಲೇಯರಿಗೆ 18 ಡೆಸಿಬೆಲ್ ಏರಿಸಿದಾಗ ಹೆಂಚಿನ ಮೇಲಿನ ತುಂತುರು ಮಳೆಯ ಸದ್ದೂ ಮೇಲೆ ಬಂತು, ಹೆದರಿದೆ. ನುಡಿಸುವಾಗ ಸಾಫ್ಟ್‌ವೇರ್ ಮತ್ತೆ 20 ಡೆಸಿಬೆಲ್ ಇಳಿಸುವುದರಿಂದ ಅದು ಮೊದಲಿದ್ದಲ್ಲಿಗೇ ಹೋಯಿತು.

ಹಾಗಾಗಿ ಯಾವುದೇ ಸ್ಯಾಂಪ್ಲರ್ ಪರೀಕ್ಷಿಸುವಾಗ ನಾನು ಈಗ ಮೊದಲು ಹುಡುಕುವುದು ಈ ಗುಂಡಿಯನ್ನು: ವೆಲಾಸಿಟಿಯಿಂದ ವಾಲ್ಯೂಮಿಗೆ ಎಷ್ಟು, ಅದನ್ನು ಬದಲಿಸಲು ಬಿಡುತ್ತದೆಯೇ. ಬಿಡದಿದ್ದರೆ ಸದ್ದು ಎಷ್ಟೇ ಚೆನ್ನಾಗಿರಲಿ, ನನಗೆ ಬೇಡ.

ನೋಟ್‌ಪ್ಯಾಡಿನಲ್ಲಿ ಬರೆದ ಮದ್ದಲೆ

ಎಸ್‌ಎಫ್‌ಝಡ್ ಬಗ್ಗೆ ನನಗೆ ತುಸು ಹುಚ್ಚೇ ಹಿಡಿದಿದೆ. ಅದು ಬರೀ ಅಕ್ಷರದ ಫೈಲು. ಯಾವ ಕೀಲಿಗೆ ಯಾವ ಸ್ಯಾಂಪಲ್ ಎಂದು ಸಾಲು ಸಾಲಾಗಿ ಬರೆದರೆ ಮುಗಿಯಿತು. ಪ್ಲೋಗ್ ಕಂಪನಿಯ ಸ್ಫೋರ್ಟ್ಸಾಂಡೊ ಎಂಬ ಪುಕ್ಕಟೆ ಪ್ಲಗಿನ್ನಿಗೆ ಅದನ್ನು ಕೊಟ್ಟರೆ ನುಡಿಯುತ್ತದೆ. ಬೇಕಾದ ಪದಗಳು ಏಳೆಂಟೇ: ಪಟ್ಟೆಯ ಕೆಳಮಿತಿಗೆ ಲೋವೆಲ್, ಮೇಲ್ಮಿತಿಗೆ ಹೈವೆಲ್, ಸರದಿಯಲ್ಲಿ ಒಟ್ಟು ಎಷ್ಟು ಎಂಬುದಕ್ಕೆ ಸೀಕ್ ಲೆಂತ್, ಇದು ಎಷ್ಟನೆಯದು ಎಂಬುದಕ್ಕೆ ಸೀಕ್ ಪೊಸಿಷನ್, ಮೇಲೆ ಹೇಳಿದ ತಗ್ಗಿಸುವ ಪ್ರಮಾಣಕ್ಕೆ ಆಂಪ್ ವೆಲ್‌ಟ್ರ್ಯಾಕ್. ಫೈಲಿನಲ್ಲಿ ಇವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ, ಎರಡು ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ ಬರೆಯಬೇಕು. ಮೆನು ಒಳಗೆ ಮೆನು ಹುಡುಕುವ ಕೆಲಸ ಇಲ್ಲ. ತಪ್ಪಾದರೆ ಎಲ್ಲಿ ತಪ್ಪು ಎಂದು ಕಣ್ಣಿಗೆ ಕಾಣುತ್ತದೆ.

ನನ್ನ ಮದ್ದಲೆ ಕಿಟ್ಟು ಐದು ಬಗೆಯ ಪೆಟ್ಟು, ನಾಲ್ಕು ಲೇಯರ್, ಐದರ ಸರದಿ, ಒಟ್ಟು 100 ಫೈಲು. ಒಂದೊಂದೂ ಒಂದೂವರೆ ಸೆಕೆಂಡಿನದು, ಮೋನೋ, 24 ಬಿಟ್, 48 ಕಿಲೋಹರ್ಟ್ಸ್. ಎಲ್ಲ ಸೇರಿ 21.6 ಎಂಬಿ. ವಾಟ್ಸ್ಯಾಪಿನಲ್ಲಿ ಕಳಿಸಬಹುದು.

ಉಳಿದ ಚಿಲ್ಲರೆ

ಚೋಕ್ ಗ್ರೂಪ್: ತೆರೆದ ಹೈಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಮೊಳಗುತ್ತಿರುವಾಗ ಮುಚ್ಚಿದ ಹೈಹ್ಯಾಟ್ ನುಡಿಸಿದರೆ ಮೊದಲಿನದು ನಿಲ್ಲಬೇಕು. ಮದ್ದಲೆಯ ಧೀಂಗೂ ಇದೇ ಬೇಕು. ಅದು ಅನುರಣಿಸುತ್ತಿರುವಾಗ ಅಂಗೈ ಒತ್ತಿ ಮುಚ್ಚುಪೆಟ್ಟು ಹೊಡೆದರೆ ಬಾಲ ಕತ್ತರಿಸಬೇಕು. ಎಸ್‌ಎಫ್‌ಝಡ್‌ನಲ್ಲಿ ಗ್ರೂಪ್ ಮತ್ತು ಆಫ್ ಬೈ ಎಂಬ ಎರಡು ಪದ. ಹೈಡ್ರೋಜನ್‌ನಲ್ಲಿ ಇದಕ್ಕೆ ಮ್ಯೂಟ್ ಗ್ರೂಪ್ ಅನ್ನುತ್ತಾರೆ.

ಸ್ವರದ ಹೆಸರು ನಂಬಬೇಡಿ, ಸಂಖ್ಯೆ ಬರೆದಿಡಿ. ಮಿಡಿ ಸ್ವರಸಂಖ್ಯೆ 60ನ್ನು ಏಬಲ್‌ಟನ್ ಸಿ3 ಅನ್ನುತ್ತದೆ, ಎಫ್‌ಎಲ್ ಸ್ಟುಡಿಯೋ ಸಿ5 ಅನ್ನುತ್ತದೆ. 1991ರ ಜನರಲ್ ಮಿಡಿ ಎಂಬ ಮಾನದಂಡದ ಪ್ರಕಾರ ಕಿಕ್ 36, ಸ್ನೇರ್ 38, ಮುಚ್ಚಿದ ಹೈಹ್ಯಾಟ್ 42, ತೆರೆದದ್ದು 46.

ಬಫರ್ (ಕಂಪ್ಯೂಟರ್ ಒಮ್ಮೆಗೆ ಸಿದ್ಧಮಾಡುವ ಸದ್ದಿನ ತುಣುಕು; ದೊಡ್ಡದಾದಷ್ಟೂ ಕೀಲಿ ಒತ್ತಿದ ಮೇಲೆ ಸದ್ದು ತಡ): 48 ಕಿಲೋಹರ್ಟ್ಸ್‌ನಲ್ಲಿ 256 ಇಟ್ಟರೆ ಸುಮಾರು 5 ಮಿಲಿಸೆಕೆಂಡ್ ತಡ, 1024 ಇಟ್ಟರೆ 21. ಮದ್ದಲೆಗಾರ ನಿಮ್ಮಿಂದ ಏಳು ಮೀಟರ್ ದೂರ ಕೂತ ಹಾಗೆ. ನುಡಿಸುವಾಗ 256, ಮಿಕ್ಸ್ ಮಾಡುವಾಗ 1024.

ಶಿರಸಿಯ ಬೇಡರ ವೇಷದ (ಹೋಳಿ ಹೊತ್ತಿನ ಕುಣಿತ) ರಾತ್ರಿ ಮೊಬೈಲಿನಲ್ಲಿ ಹಿಡಿದ ತಮಟೆಯನ್ನೂ ಸ್ಯಾಂಪಲ್ ಮಾಡಲು ನೋಡಿದೆ. ಪ್ರತಿ ಪೆಟ್ಟಿನ ಬಾಲದಲ್ಲೂ ಯಾರದೋ ಸಿಳ್ಳೆ. ಒಂಟಿ ಪೆಟ್ಟು, ಅದರ ಹಿಂದೆ ಎರಡು ಸೆಕೆಂಡು ಮೌನ ಇದ್ದರೆ ಮಾತ್ರ ಅದು ಸ್ಯಾಂಪಲ್ಲು.

ಸದ್ಯ ಕಿಕ್-ಸ್ನೇರ್‌ಗೆ ಎಂಟಿ ಪವರ್ ಡ್ರಮ್ ಕಿಟ್ 2, ಮದ್ದಲೆಗೆ ಸ್ಫೋರ್ಟ್ಸಾಂಡೊ, ಎರಡನ್ನೂ ಕೂರಿಸಲು ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್. ಅದು 60 ದಿನ ಪರೀಕ್ಷೆಗೆ ಪುಕ್ಕಟೆ. ನಿನ್ನೆ ದೊಡ್ಡಪ್ಪನಿಗೆ ಹೊಸ ಕಿಟ್ಟು ಕೇಳಿಸಿದೆ. ಪೂರ್ತಿ ಕೇಳಿ, ಎಡಗೈ ಪೆಟ್ಟು ಎರಡು ಕಡೆ ತಡವಾಗಿದೆ ಅಂದರು. ಅದು ನಾನು ನುಡಿಸಿದ್ದು.